ಮೊದಲ ಹತ್ತು ಪಂದ್ಯ ನೋಡಿ ಫುಟ್‌ಬಾಲ್ ತಂಡವನ್ನು ಅಳೆಯುವುದು ಹೇಗೆ: ನನ್ನ ಅಧ್ಯಯನ ಟಿಪ್ಪಣಿ

ಲೀಗ್ ಶುರುವಾಗಿ ಹತ್ತು ಪಂದ್ಯ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ತೀರ್ಪು ರೆಡಿ ಇರುತ್ತದೆ. ಈ ತಂಡ ಕಪ್ ಗೆಲ್ಲುತ್ತೆ, ಆ ತಂಡ ಕೆಳಗಿನ ಡಿವಿಷನ್‌ಗೆ ಬೀಳುತ್ತೆ, ಆ ಸ್ಟ್ರೈಕರ್‌ಗೆ ಕೊಟ್ಟ ದುಡ್ಡು ದಂಡ. ಇನ್ನು ಕೆಲವರು, ಹತ್ತು ಪಂದ್ಯದಲ್ಲಿ ಏನು ಮಹಾ ಗೊತ್ತಾಗುತ್ತೆ ಅಂತ ಕೈ ತೊಳೆದುಕೊಳ್ಳುತ್ತಾರೆ. ನನಗೆ ಇಬ್ಬರ ಮಾತೂ ಒಪ್ಪಿಗೆ ಇಲ್ಲ. ಹತ್ತು ಪಂದ್ಯದಲ್ಲಿ ಬೇಕಾದಷ್ಟು ಗೊತ್ತಾಗುತ್ತದೆ, ಆದರೆ ಪಾಯಿಂಟ್ ಪಟ್ಟಿ ನೋಡಿದರೆ ಮಾತ್ರ ಸಾಲದು. ಆ ಪಾಯಿಂಟ್ ಯಾರ ವಿರುದ್ಧ ಬಂತು, ಯಾವ ನಿಮಿಷದಲ್ಲಿ ಬಂತು, ಯಾವ ಹನ್ನೊಂದು ಜನರಿಂದ ಬಂತು ಅನ್ನುವುದನ್ನು ಬಿಡಿಸಿ ನೋಡಬೇಕು. ಎಲ್ಲ ಉದಾಹರಣೆಗಳನ್ನೂ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಿಂದಲೇ ತೆಗೆದುಕೊಂಡಿದ್ದೇನೆ. ಅಲ್ಲಿ 20 ತಂಡ, ತಲಾ 38 ಪಂದ್ಯ, ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಕೊನೆಯ ಮೂರು ತಂಡ ಕೆಳಗಿನ ಡಿವಿಷನ್‌ಗೆ.

ಮೊದಲು ಗೋಲಿನ ವ್ಯತ್ಯಾಸ ನೋಡಿ

2008-09ರಲ್ಲಿ ಹಲ್ ಸಿಟಿ ಆಗಷ್ಟೇ ಮೇಲಿನ ಡಿವಿಷನ್‌ಗೆ ಬಂದಿತ್ತು. ಮೊದಲ 9 ಪಂದ್ಯದಲ್ಲಿ 6 ಗೆಲುವು, 2 ಡ್ರಾ, 1 ಸೋಲು. ಒಟ್ಟು 20 ಪಾಯಿಂಟ್. ಆರ್ಸೆನಲ್ ತಂಡವನ್ನು ಅವರದೇ ಮೈದಾನದಲ್ಲಿ 2-1ರಿಂದ ಸೋಲಿಸಿದ್ದರು, ಮುಂದಿನ ಪಂದ್ಯದಲ್ಲೇ ಟಾಟನ್‌ಹ್ಯಾಮ್ ಮೈದಾನಕ್ಕೆ ಹೋಗಿ 1-0ರಿಂದ ಗೆದ್ದಿದ್ದರು. ಹೊಗಳದೆ ಇರುವುದು ಹೇಗೆ, ಅಲ್ವಾ?

ಈಗ ಗೋಲು ಎಣಿಸಿ. ಹೊಡೆದದ್ದು 14, ಬಿಟ್ಟುಕೊಟ್ಟದ್ದು 11. ಇಪ್ಪತ್ತು ಪಾಯಿಂಟ್ ಗಳಿಸಿದ ತಂಡದ ಗೋಲಿನ ವ್ಯತ್ಯಾಸ ಬರೀ 3. ಆರು ಗೆಲುವಿನಲ್ಲಿ ಐದು ಒಂದೇ ಗೋಲಿನ ಅಂತರದ್ದು. ಇದ್ದ ಒಂದೇ ಸೋಲು ವಿಗನ್ ಎದುರು ತವರಿನಲ್ಲೇ 0-5. ಅಂದರೆ ಗೆದ್ದಾಗ ಕೂದಲೆಳೆಯಲ್ಲಿ ಗೆದ್ದರು, ಸೋತಾಗ ಪೂರ್ತಿ ಮಲಗಿದರು. ಒಂದು ಗೋಲಿನ ಗೆಲುವಿನಲ್ಲಿ ಅದೃಷ್ಟದ ಪಾಲು ಜಾಸ್ತಿ. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಗಿದ್ದು ಮುಂದಿನ ಸಲ ಹೊರಗೂ ಹೋಗಬಹುದು. ಉಳಿದ 29 ಪಂದ್ಯದಲ್ಲಿ ಹಲ್‌ಗೆ ಸಿಕ್ಕಿದ್ದು 15 ಪಾಯಿಂಟ್ ಮಾತ್ರ. 35 ಪಾಯಿಂಟ್‌ನೊಂದಿಗೆ 17ನೇ ಸ್ಥಾನದಲ್ಲಿ ನಿಂತು, 34 ಪಾಯಿಂಟ್ ಇದ್ದ ನ್ಯೂಕ್ಯಾಸಲ್‌ಗಿಂತ ಒಂದೇ ಒಂದು ಪಾಯಿಂಟ್ ಮೇಲಿದ್ದು ಬಚಾವಾದರು.

ಅದಕ್ಕೇ ಹೇಳುವುದು, ಪಾಯಿಂಟ್ ಪಟ್ಟಿ ತೆರೆದಾಗ ಕಣ್ಣು ಮೊದಲು ಗೋಲಿನ ವ್ಯತ್ಯಾಸದ ಕಡೆ ಹೋಗಲಿ. ಪಾಯಿಂಟ್ ಒಂದು ಕಡೆ, ವ್ಯತ್ಯಾಸ ಇನ್ನೊಂದು ಕಡೆ ಎಳೆಯುತ್ತಿದ್ದರೆ ನಾನು ವ್ಯತ್ಯಾಸವನ್ನೇ ಜಾಸ್ತಿ ನಂಬುತ್ತೇನೆ.

ಒಂದು ಆರಂಭವನ್ನು ಪೂರ್ತಿ ಬಿಡಿಸೋಣ: ಟಾಟನ್‌ಹ್ಯಾಮ್, 2023-24

ಇದು ನನ್ನ ಪ್ರಕಾರ ಓದುವವರಿಗೆ ಹೇಳಿ ಮಾಡಿಸಿದ ಕೇಸು. ಹಿಂದಿನ ವರ್ಷ 8ನೇ ಸ್ಥಾನ. ಲೀಗ್‌ನಲ್ಲಿ 30 ಗೋಲು ಹೊಡೆದಿದ್ದ ಹ್ಯಾರಿ ಕೇನ್ ಆಗಸ್ಟ್‌ನಲ್ಲಿ ಬಯರ್ನ್ ಮ್ಯೂನಿಕ್‌ಗೆ ಹೋದ. ಹೊಸ ಕೋಚ್ ಆಂಜ್ ಪೋಸ್ಟೆಕೊಗ್ಲು. ಇಷ್ಟೆಲ್ಲ ಆದಮೇಲೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಆದರೆ ಮೊದಲ 10 ಪಂದ್ಯದಲ್ಲಿ 8 ಗೆಲುವು, 2 ಡ್ರಾ, ಸೋಲೇ ಇಲ್ಲ. 26 ಪಾಯಿಂಟ್, ಪಟ್ಟಿಯಲ್ಲಿ ಮೊದಲ ಸ್ಥಾನ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೂ ತಿಂಗಳು ತಿಂಗಳ ಅತ್ಯುತ್ತಮ ಕೋಚ್ ಪ್ರಶಸ್ತಿ ಪೋಸ್ಟೆಕೊಗ್ಲುಗೇ.

ಈ ವೇಗವನ್ನು ಹಾಗೇ 38 ಪಂದ್ಯಕ್ಕೆ ಗುಣಿಸಿದರೆ ಸುಮಾರು 99 ಪಾಯಿಂಟ್ ಬರುತ್ತದೆ. ನೂರರ ಹತ್ತಿರ! ಈ ಗುಣಾಕಾರ ಮಾಡುವ ಚಟ ಇದ್ದರೆ ಈಗಲೇ ಬಿಡಿ, ಪ್ಲೀಸ್. ಎದುರಾಳಿ ಬದಲಾಗುತ್ತಾರೆ, ಆಟಗಾರರು ಗಾಯಗೊಳ್ಳುತ್ತಾರೆ. ಗುಣಾಕಾರಕ್ಕೆ ಅದೆಲ್ಲ ಗೊತ್ತಿರುವುದಿಲ್ಲ.

ಬದಲಿಗೆ ಹತ್ತೂ ಫಲಿತಾಂಶವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬ್ರೆಂಟ್‌ಫರ್ಡ್ 2-2, ಮ್ಯಾಂಚೆಸ್ಟರ್ ಯುನೈಟೆಡ್ 2-0, ಬೋರ್ನ್‌ಮತ್ 2-0, ಬರ್ನ್‌ಲಿ 5-2, ಶೆಫೀಲ್ಡ್ ಯುನೈಟೆಡ್ 2-1, ಆರ್ಸೆನಲ್ 2-2, ಲಿವರ್‌ಪೂಲ್ 2-1, ಲೂಟನ್ 1-0, ಫುಲ್ಹಮ್ 2-0, ಕ್ರಿಸ್ಟಲ್ ಪ್ಯಾಲೇಸ್ 2-1. ಗೋಲು 22, ಬಿಟ್ಟದ್ದು 9, ವ್ಯತ್ಯಾಸ 13. ಹಲ್ ಥರ ಗಾಳಿಗೋಪುರ ಅಲ್ಲ, ತಂಡ ನಿಜಕ್ಕೂ ಚೆನ್ನಾಗಿ ಆಡುತ್ತಿತ್ತು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಈಗ ಎದುರಾಳಿಗಳನ್ನು ನೋಡಿ. ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್. ಆ ವರ್ಷ ಮೇಲಕ್ಕೆ ಬಂದಿದ್ದ ಮೂರೂ ತಂಡಗಳನ್ನು ಟಾಟನ್‌ಹ್ಯಾಮ್ ಮೊದಲ ಎಂಟು ಪಂದ್ಯದೊಳಗೇ ಎದುರಿಸಿ ಆಗಿತ್ತು. ವರ್ಷದ ಕೊನೆಗೆ ಆ ಮೂರೂ ಕೆಳಗೆ ಹೋದವು. ಅಂದರೆ 26ರಲ್ಲಿ 9 ಪಾಯಿಂಟ್ ಬಂದದ್ದು ಇವರಿಂದ. ಅದು ಟಾಟನ್‌ಹ್ಯಾಮ್ ತಪ್ಪೇನಲ್ಲ, ವೇಳಾಪಟ್ಟಿ ಹಾಗಿತ್ತು. ಆದರೆ ಲೆಕ್ಕಕ್ಕೆ ಬರಬೇಕು.

ಆಮೇಲೆ ನಿಮಿಷ. ಶೆಫೀಲ್ಡ್ ಎದುರು 0-1ರಲ್ಲಿದ್ದರು. 90 ನಿಮಿಷ ಮುಗಿದ ಮೇಲೆ ಕೊಡುವ ಹೆಚ್ಚುವರಿ ಸಮಯದಲ್ಲಿ (ಇಂಜುರಿ ಟೈಮ್) ಎರಡು ಗೋಲು ಬಂತು: 98ನೇ ನಿಮಿಷದಲ್ಲಿ ರಿಚಾರ್ಲಿಸನ್, 100ನೇ ನಿಮಿಷದಲ್ಲಿ ಕುಲುಸೆವ್‌ಸ್ಕಿ. ಎರಡೇ ನಿಮಿಷದಲ್ಲಿ ಸೋಲು ಹೋಗಿ ಮೂರು ಪಾಯಿಂಟ್ ಆಯಿತು. ಲಿವರ್‌ಪೂಲ್ ಎದುರು ಇನ್ನೂ ವಿಚಿತ್ರ: ಎದುರಾಳಿಗೆ ಎರಡು ರೆಡ್ ಕಾರ್ಡ್, ಅವರ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲನ್ನು ಆಫ್‌ಸೈಡ್ ಎಂದು ತಪ್ಪಾಗಿ ರದ್ದು ಮಾಡಿದ್ದು (ತಪ್ಪಾಯಿತು ಅಂತ ರೆಫರಿಗಳ ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು), ಇಷ್ಟಾದರೂ ಗೆಲ್ಲಲು 96ನೇ ನಿಮಿಷದಲ್ಲಿ ಯೋಯೆಲ್ ಮಾಟಿಪ್ ತನ್ನದೇ ಗೋಲಿಗೆ ಚೆಂಡು ಹೊಡೆಯಬೇಕಾಯಿತು. ಕೊನೆ ನಿಮಿಷದ ಗೋಲು ಬಂದಾಗ ಇದು ಛಲ ಬಿಡದ ತಂಡ ಅಂತ ಬರೆಯುವುದು ಸುಲಭ. ಛಲ ಇತ್ತು, ನಿಜ. ಹಾಗಂತ ಪ್ರತಿ ವಾರ 96ನೇ ನಿಮಿಷದಲ್ಲಿ ಎದುರಾಳಿ ಬಂದು ಸಹಾಯ ಮಾಡುವುದಿಲ್ಲ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಆಡುತ್ತಿದ್ದ ಹನ್ನೊಂದು ಜನ ಯಾರು? ಆ ವರ್ಷ ಟಾಟನ್‌ಹ್ಯಾಮ್‌ಗೆ ಯುರೋಪಿನ ಟೂರ್ನಿ ಇರಲಿಲ್ಲ. ಲೀಗ್ ಕಪ್‌ನಿಂದಲೂ ಆಗಸ್ಟ್‌ನಲ್ಲೇ ಹೊರಬಿದ್ದಿದ್ದರು. ವಾರಕ್ಕೆ ಒಂದೇ ಪಂದ್ಯ, ಹೆಚ್ಚುಕಡಿಮೆ ಅದೇ ಆಟಗಾರರು. ಬೆಂಚಿನ ಪರೀಕ್ಷೆ ಆಗಿರಲೇ ಇಲ್ಲ. ಬೆಂಚಿನಲ್ಲಿ ಕೂತವರು ಕೆಟ್ಟವರು ಅಂತ ಆಗ ಹೇಳಲು ಆಗುತ್ತಿರಲಿಲ್ಲ, ಒಳ್ಳೆಯವರು ಅಂತಲೂ ಹೇಳಲು ಆಗುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಆ ಜಾಗ ಖಾಲಿ ಬಿಡಬೇಕಿತ್ತು.

ಪರೀಕ್ಷೆ 11ನೇ ಪಂದ್ಯದಲ್ಲೇ ಬಂತು. ನವೆಂಬರ್ 6, ಎದುರಿಗೆ ಚೆಲ್ಸಿ. ಡಿಫೆಂಡರ್‌ಗಳಾದ ರೊಮೆರೊ ಮತ್ತು ಉಡೋಗಿಗೆ ರೆಡ್ ಕಾರ್ಡ್. ಮಿಕಿ ವಾನ್ ಡೆ ವೆನ್ ಮತ್ತು ಜೇಮ್ಸ್ ಮ್ಯಾಡಿಸನ್ ಮೊದಲಾರ್ಧದಲ್ಲೇ ಗಾಯಗೊಂಡು ಹೊರಗೆ. 1-4 ಸೋಲು. ಮುಂದಿನ ವುಲ್ವ್ಸ್ ಪಂದ್ಯದಲ್ಲಿ ಡಿಫೆನ್ಸ್ ಮಧ್ಯದಲ್ಲಿ ನಿಂತವರು ಎರಿಕ್ ಡೈಯರ್ ಮತ್ತು ಬೆನ್ ಡೇವೀಸ್. ಇಂಜುರಿ ಟೈಮ್ ಶುರುವಾಗುವಾಗ 1-0 ಮುಂದಿದ್ದರು, ಮುಗಿಯುವಾಗ 1-2. ಶೆಫೀಲ್ಡ್ ಪಂದ್ಯದಲ್ಲಿ ಸಿಕ್ಕಿದ್ದನ್ನು ಇಲ್ಲಿ ವಾಪಸ್ ಕೊಟ್ಟರು ಅನ್ನಬಹುದು. ಆಮೇಲೆ ಆಸ್ಟನ್ ವಿಲಾ ಎದುರು 1-2, ಮ್ಯಾಂಚೆಸ್ಟರ್ ಸಿಟಿ ಎದುರು 3-3, ವೆಸ್ಟ್ ಹ್ಯಾಮ್ ಎದುರು 1-2. ಐದು ಪಂದ್ಯದಲ್ಲಿ ಒಂದೇ ಪಾಯಿಂಟ್. ಕೊನೆಗೆ 66 ಪಾಯಿಂಟ್, 5ನೇ ಸ್ಥಾನ. ಮೊದಲ ಹತ್ತರಲ್ಲಿ ಪಂದ್ಯಕ್ಕೆ 2.6 ಪಾಯಿಂಟ್, ಉಳಿದ 28ರಲ್ಲಿ ಪಂದ್ಯಕ್ಕೆ ಸುಮಾರು 1.4.

8ನೇ ಸ್ಥಾನದಿಂದ 5ಕ್ಕೆ ಏರಿದ್ದು ಪ್ರಗತಿಯೇ. ಬಿದ್ದ ತಂಡ ಅಂತ ಓದಬೇಡಿ. ಆರಂಭದ ಹತ್ತನ್ನು ಬಿಡಿಸಿ ನೋಡಿದ್ದರೆ ಈ 5ನೇ ಸ್ಥಾನ ಆಶ್ಚರ್ಯ ಆಗುತ್ತಿರಲಿಲ್ಲ, ಅಷ್ಟೇ.

ಕೆಟ್ಟ ಆರಂಭಕ್ಕೂ ಇದೇ ಲೆಕ್ಕ

2017-18ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೊದಲ 7 ಪಂದ್ಯವನ್ನೂ ಸೋತಿತು. ಏಳರಲ್ಲಿ ಒಂದು ಗೋಲೂ ಇಲ್ಲ! ಕೋಚ್ ಫ್ರಾಂಕ್ ಡೆ ಬೋರ್‌ನನ್ನು ನಾಲ್ಕೇ ಲೀಗ್ ಪಂದ್ಯಕ್ಕೆ ಮನೆಗೆ ಕಳಿಸಿ ರಾಯ್ ಹಾಡ್ಗ್‌ಸನ್‌ನನ್ನು ತಂದರು. ಪಟ್ಟಿ ನೋಡಿದವರಿಗೆ ಇದು ಸತ್ತ ತಂಡ. ಹಾಳೆಯ ಮೇಲೆ ಬರೆದವರಿಗೆ ಬೇರೆ ಕಾಣುತ್ತಿತ್ತು: ಏಳರಲ್ಲಿ ಮೂರು ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದಲ್ಲಿ. ಬರ್ನ್‌ಲಿ ಎದುರು ಶುರುವಿನಲ್ಲೇ ತಾವೇ ಕೊಟ್ಟ ತಪ್ಪು ಪಾಸ್‌ನಿಂದ ಗೋಲು ಬಿಟ್ಟುಕೊಟ್ಟರು. ಆಮೇಲೆ ಬರ್ನ್‌ಲಿಗಿಂತ ಎಷ್ಟೋ ಜಾಸ್ತಿ ಶಾಟ್ ಹೊಡೆದೂ 0-1ರಿಂದ ಸೋತರು. ತಂಡದ ಮುಖ್ಯ ದಾಳಿಕಾರ ವಿಲ್ಫ್ರೆಡ್ ಜಾಹಾ ಮೊದಲ ಪಂದ್ಯದಲ್ಲೇ ಗಾಯಗೊಂಡಿದ್ದ. ಅಕ್ಟೋಬರ್‌ನಲ್ಲಿ ಅವನು ವಾಪಸ್ ಬಂದ ದಿನವೇ ಚೆಲ್ಸಿಯನ್ನು 2-1ರಿಂದ ಸೋಲಿಸಿದರು, ಅವನೂ ಒಂದು ಗೋಲು ಹೊಡೆದ. ಕೊನೆಗೆ 44 ಪಾಯಿಂಟ್, 11ನೇ ಸ್ಥಾನ.

ಇಲ್ಲಿ ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್, ಅಂದರೆ ನಿರೀಕ್ಷಿತ ಗೋಲು) ಉಪಯೋಗಕ್ಕೆ ಬರುತ್ತದೆ. ಪ್ರತಿ ಶಾಟ್ ಗೋಲಾಗುವ ಸಂಭವ ಎಷ್ಟು ಅಂತ 0ಯಿಂದ 1ರೊಳಗೆ ಒಂದು ಅಂಕಿ ಕೊಡುತ್ತಾರೆ. ಪೆನಾಲ್ಟಿಗೆ 0.76ರಿಂದ 0.79, ದೂರದಿಂದ ಹೊಡೆದದ್ದಕ್ಕೆ 0.03 ಅಥವಾ ಅದರ ಆಸುಪಾಸು. ಎಲ್ಲ ಕೂಡಿಸಿದರೆ ತಂಡ ಎಷ್ಟು ಒಳ್ಳೆಯ ಅವಕಾಶ ಮಾಡಿಕೊಂಡಿತು ಅಂತ ಗೊತ್ತಾಗುತ್ತದೆ. ಹತ್ತು ಪಂದ್ಯದ ಮಟ್ಟಿಗೆ ಗೋಲಿನ ಎಣಿಕೆಗಿಂತ ಇದು ಸ್ವಲ್ಪ ಜಾಸ್ತಿ ನಂಬಿಕೆಗೆ ಅರ್ಹ. ಒಂದೇ ಪಂದ್ಯದ ಎಕ್ಸ್‌ಜಿ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. 3-0 ಮುಂದಿರುವ ತಂಡ ಸುಮ್ನೆ ಹಿಂದೆ ಕೂತು ಎದುರಾಳಿಗೆ ಶಾಟ್ ಬಿಟ್ಟುಕೊಡುತ್ತದೆ, ಅಂಕಿ ತಲೆಕೆಳಗಾಗುತ್ತದೆ.

ಆಟಗಾರರನ್ನು ಆರಿಸುವಾಗ

ಗೋಲು, ಅಸಿಸ್ಟ್ (ಗೋಲು ಹೊಡೆದವನಿಗೆ ಕೊಟ್ಟ ಕೊನೆಯ ಪಾಸ್) ಎಣಿಸಿ ಮಿಂಚಿದ ಆಟಗಾರ ಇವನೇ ಅಂತ ಹೇಳುವುದು ಸುಲಭ. ಟಾಟನ್‌ಹ್ಯಾಮ್‌ನಲ್ಲಿ ಎಲ್ಲರೂ ಹೆಸರಿಸಿದ್ದು ಮ್ಯಾಡಿಸನ್‌ನನ್ನೇ. ಆಗಸ್ಟ್ ತಿಂಗಳ ಆಟಗಾರ, ಗಾಯವಾಗುವ ಹೊತ್ತಿಗೆ 11 ಪಂದ್ಯದಲ್ಲಿ 3 ಗೋಲು, 5 ಅಸಿಸ್ಟ್. ನ್ಯಾಯವಾದ ಆಯ್ಕೆಯೇ. ಸೆಪ್ಟೆಂಬರ್‌ನ ಪ್ರಶಸ್ತಿ ಬರ್ನ್‌ಲಿ ಎದುರು ಹ್ಯಾಟ್ರಿಕ್ ಹೊಡೆದ ಸನ್ ಹ್ಯೂಂಗ್-ಮಿನ್‌ಗೆ.

ಆದರೆ ನನ್ನನ್ನು ಕೇಳಿದರೆ ಆ ಹತ್ತು ಪಂದ್ಯದ ಆಟಗಾರ ವಾನ್ ಡೆ ವೆನ್. ಯಾಕೆ ಅಂದರೆ, ಪೋಸ್ಟೆಕೊಗ್ಲು ತನ್ನ ಡಿಫೆಂಡರ್‌ಗಳನ್ನು ಮೈದಾನದ ಮಧ್ಯಗೆರೆಯ ಹತ್ತಿರ ತಂದು ನಿಲ್ಲಿಸುತ್ತಿದ್ದ. ಅವರ ಬೆನ್ನ ಹಿಂದೆ ಗೋಲ್‌ಕೀಪರ್ ವಿಕಾರಿಯೊ ತನಕ ದೊಡ್ಡ ಬಯಲು. ಎದುರಾಳಿ ಆ ಬಯಲಿಗೆ ಉದ್ದ ಪಾಸ್ ಹಾಕಿದರೆ ಓಡಿ ಹೋಗಿ ಹಿಡಿಯಲು ಒಬ್ಬ ಬೇಕು. ಅದು ವಾನ್ ಡೆ ವೆನ್. 2024ರ ಜನವರಿಯಲ್ಲಿ ಬ್ರೆಂಟ್‌ಫರ್ಡ್ ಎದುರು ಅವನ ವೇಗ ಗಂಟೆಗೆ 37.38 ಕಿಲೋಮೀಟರ್ ಅಂತ ದಾಖಲಾಯಿತು, ಲೀಗ್ ದಾಖಲಿಸಿಕೊಂಡಿದ್ದ ಅತಿ ಹೆಚ್ಚಿನ ವೇಗ ಅದು. ಅವನು ಹಿಂದೆ ಇದ್ದಾನೆ ಅನ್ನುವ ಧೈರ್ಯದ ಮೇಲೆ ಉಳಿದ ಹತ್ತು ಜನ ಮುಂದಕ್ಕೆ ಹೋಗುತ್ತಿದ್ದರು. ಇದು ಯಾವ ಗೋಲು-ಅಸಿಸ್ಟ್ ಪಟ್ಟಿಯಲ್ಲೂ ಬರುವುದಿಲ್ಲ. ಹಾಗಾಗಿ ನಾನು ಪ್ರತಿ ಆಟಗಾರನಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಇವನನ್ನು ತೆಗೆದರೆ ಕೋಚ್ ಆಟದ ರೀತಿಯನ್ನೇ ಬದಲಿಸಬೇಕಾ, ಇಲ್ಲ ಬರೀ ಹೆಸರು ಬದಲಿಸಿದರೆ ಸಾಕಾ?

ಸ್ಟ್ರೈಕರ್‌ಗಳ ವಿಷಯದಲ್ಲಿ ಇನ್ನೊಂದು ಕೆಲಸ ಮಾಡಿ. ಪೆನಾಲ್ಟಿ ಗೋಲುಗಳನ್ನು ಬೇರೆ ತೆಗೆದಿಡಿ. 2015ರಲ್ಲಿ ಲೆಸ್ಟರ್ ಸಿಟಿಯ ಜೇಮೀ ವಾರ್ಡಿ ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ದಾಖಲೆ ಮಾಡಿದ. ಒಟ್ಟು 13 ಗೋಲು, ಅದರಲ್ಲಿ 3 ಪೆನಾಲ್ಟಿ. ತೆಗೆದರೂ 10 ಉಳಿಯುತ್ತದೆ. ಹಾಗೆ ತೆಗೆದಾಗಲೂ ಅಂಕಿ ನಿಂತರೆ ಆಟಗಾರನನ್ನು ಧೈರ್ಯವಾಗಿ ಹೊಗಳಿ. ಗೋಲು ಎಷ್ಟು ಅನ್ನುವುದರ ಜೊತೆ ಆಡಿದ ನಿಮಿಷವನ್ನೂ ಬರೆದುಕೊಳ್ಳಿ. ಬದಲಿ ಆಟಗಾರನಾಗಿ ಬಂದು 200 ನಿಮಿಷದಲ್ಲಿ 3 ಗೋಲು ಹೊಡೆದವನೂ 900 ನಿಮಿಷದಲ್ಲಿ 3 ಹೊಡೆದವನೂ ಒಂದೇ ಅಲ್ಲ.

ಲೆಸ್ಟರ್ ಮತ್ತು ಕೋಚ್‌ನ ಕಾಲಂ

ಈ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿದವರೂ ವಾರ್ಡಿ ದಾಖಲೆ ಮಾಡಿದ ಅದೇ 2015-16ರಲ್ಲಿ ಲೆಸ್ಟರ್ ವಿಷಯದಲ್ಲಿ ಎಡವಿದರು. ಮೊದಲ 9 ಪಂದ್ಯದಲ್ಲಿ 19 ಗೋಲು ಹೊಡೆದು 17 ಬಿಟ್ಟಿದ್ದರು. ಒಂದು ಪಂದ್ಯದಲ್ಲೂ ಗೋಲು ಬಿಡದೆ ಇರಲಿಲ್ಲ. ವಿಲಾ, ಸ್ಟೋಕ್, ಸೌತಾಂಪ್ಟನ್ ಮೂವರ ಎದುರೂ 0-2ರಿಂದ ಹಿಂದೆ ಬಿದ್ದು ಪಾಯಿಂಟ್ ತಂದಿದ್ದರು. ಇದು ಹೀಗೇ ನಡೆಯುವುದಿಲ್ಲ ಅಂತ ಅಕ್ಟೋಬರ್‌ನಲ್ಲಿ ಬರೆದವರ ತರ್ಕ ಸರಿಯೇ ಇತ್ತು.

ಆದರೆ ಕೋಚ್ ಕ್ಲಾಡಿಯೊ ರನಿಯೆರಿಗೂ ಅದೇ ಕಾಣುತ್ತಿತ್ತಲ್ಲ. ಆರ್ಸೆನಲ್ ಎದುರು 2-5ರಿಂದ ಸೋತ ಮೇಲೆ, ಮುಂದಿನ ನಾರ್ವಿಚ್ ಪಂದ್ಯಕ್ಕೆ ಎರಡೂ ಫುಲ್‌ಬ್ಯಾಕ್‌ಗಳನ್ನು (ಎಡ, ಬಲ ಬದಿಯ ಡಿಫೆಂಡರ್‌ಗಳನ್ನು) ಬದಲಿಸಿ ಡ್ಯಾನಿ ಸಿಂಪ್ಸನ್, ಕ್ರಿಸ್ಟಿಯನ್ ಫುಕ್ಸ್ ಇಬ್ಬರನ್ನು ಇಳಿಸಿದರು. ಮುಂದಕ್ಕೆ ಓಡುವುದಕ್ಕಿಂತ ತಮ್ಮ ಜಾಗ ಕಾಯುವುದು ಇವರಿಗೆ ಮುಖ್ಯ. 10ನೇ ಪಂದ್ಯದಲ್ಲಿ ಪ್ಯಾಲೇಸ್ ಎದುರು 1-0, ಮೊದಲ ಸಲ ಗೋಲು ಬಿಡದ ಪಂದ್ಯ. ಇಡೀ ಸೀಸನ್‌ನಲ್ಲಿ ಬಿಟ್ಟ ಗೋಲು 36, ಅಂದರೆ ಮೊದಲ 9 ಪಂದ್ಯದಲ್ಲಿ 17, ಉಳಿದ 29ರಲ್ಲಿ 19. 81 ಪಾಯಿಂಟ್‌ನೊಂದಿಗೆ ಚಾಂಪಿಯನ್.

ಇದಕ್ಕಾಗಿಯೇ ಹಾಳೆಯಲ್ಲಿ ಎದುರಾಳಿ, ಫಲಿತಾಂಶ, ಗೋಲಿನ ನಿಮಿಷ, ಗಾಯಾಳುಗಳು ಇವುಗಳ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿಕೊಳ್ಳಿ: ಈ ಪಂದ್ಯಕ್ಕೆ ಕೋಚ್ ಏನು ಬದಲಿಸಿದ? ಬಹಳಷ್ಟು ವಾರ ಅದು ಖಾಲಿಯೇ ಇರುತ್ತದೆ. ತುಂಬಿದ ವಾರದಿಂದ ಮುಂದಿನ ಐದಾರು ಪಂದ್ಯವನ್ನು ಬೇರೆ ಗುಂಪಾಗಿ ಎಣಿಸಿ, ಹಳೆಯದರ ಜೊತೆ ಸೇರಿಸಿ ಸರಾಸರಿ ತೆಗೆಯಬೇಡಿ. 19ನೇ ಪಂದ್ಯ ಮುಗಿದಾಗ ಎಲ್ಲರೂ ಎಲ್ಲರ ಎದುರು ಒಂದೊಂದು ಸಲ ಆಡಿರುತ್ತಾರೆ, ವೇಳಾಪಟ್ಟಿಯ ನೆಪ ಆಗ ಬಹುಮಟ್ಟಿಗೆ ಮುಗಿದಿರುತ್ತದೆ. ಹತ್ತನೇ ಪಂದ್ಯದ ದಿನ ಬರೆದದ್ದನ್ನು ತೆಗೆದು ಓದುವುದು ಆವಾಗ.