ಹಡಗಿನ ಲೆಕ್ಕದಲ್ಲಿ ‘ಗ್ರ್ಯಾಚುಯಿಟಿ’ ಎಂದರೇನು?

ಶಿರಸಿಯಲ್ಲಿರುವ ನನ್ನ ಸೋದರಮಾವ ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಯಾವ ಲೆಕ್ಕದ ಹಾಳೆ ಕೈಗೆ ಬಂದರೂ ಅದನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ಅವರ ಅಭ್ಯಾಸ. ಮನೆಮಂದಿ ಆರು ಜನ ಸಿಂಗಾಪುರದಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ನಾಲ್ಕು ರಾತ್ರಿ ಕಳೆದು ಬರುವುದೆಂದು ನಿಶ್ಚಯವಾದಾಗ, ಏಜೆಂಟರು ಕಳುಹಿಸಿದ ಹಾಳೆಯಲ್ಲಿ ಟಿಕೆಟ್ ದರ, ಬಂದರು ಶುಲ್ಕ, ತೆರಿಗೆ ಇವುಗಳ ಕೆಳಗೆ ‘ಗ್ರ್ಯಾಚುಯಿಟಿ’ ಎಂಬ ಸಾಲನ್ನು ಕಂಡು ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. “ಇದೆಂಥದ್ದು ಮಾರಾಯ? ರಿಟೈರ್ ಆದಾಗ ಬ್ಯಾಂಕು ನನಗೆ ಕೊಟ್ಟ ಗ್ರ್ಯಾಚುಯಿಟಿಯನ್ನು ಈಗ ನಾನು ಹಡಗಿನವರಿಗೆ ಕೊಡಬೇಕೋ?” ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ತಮಾಷೆ ಅರ್ಧ, ನಿಜವಾದ ಗೊಂದಲ ಅರ್ಧ ಇತ್ತು.

ಗೊಂದಲಕ್ಕೆ ಕಾರಣವೂ ಇದೆ. ನಮ್ಮ ದೇಶದಲ್ಲಿ ಈ ಪದ ಜನಸಾಮಾನ್ಯರ ಬಾಯಿಗೆ ಬಂದದ್ದು 1972ರ ಗ್ರ್ಯಾಚುಯಿಟಿ ಪಾವತಿ ಕಾಯ್ದೆಯಿಂದ. ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಿದ ನೌಕರನಿಗೆ, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಕೂಲಿಯಂತೆ ಲೆಕ್ಕ ಹಾಕಿ, ಕೆಲಸ ಬಿಡುವಾಗ ಮಾಲೀಕನು ಕೊಡಬೇಕಾದ ಇಡುಗಂಟಿಗೆ ಇಲ್ಲಿ ಆ ಹೆಸರು. ಸರ್ಕಾರಿ ಕನ್ನಡದಲ್ಲಿ ಅದನ್ನೇ ಉಪದಾನ ಎನ್ನುತ್ತಾರೆ. ಹಡಗಿನ ಹಾಳೆಯಲ್ಲಿರುವ ಗ್ರ್ಯಾಚುಯಿಟಿ ಬೇರೆ: ಊಟ ಬಡಿಸುವವರು, ಕೋಣೆ ಚೊಕ್ಕಟ ಮಾಡುವವರು ಮತ್ತು ಅವರ ಹಿಂದೆ ನಿಂತು ದುಡಿಯುವವರ ಸಲುವಾಗಿ, ಪ್ರಯಾಣಿಕನ ತಲೆಗೆ ದಿನಕ್ಕೆ ಇಷ್ಟು ಎಂದು ಹಡಗಿನ ಕಂಪನಿಯು ಲೆಕ್ಕ ಕಟ್ಟಿ ವಸೂಲು ಮಾಡುವ ಮೊತ್ತ ಅದು. ಎರಡಕ್ಕೂ ಬೇರು ಒಂದೇ. ಮೆಚ್ಚುಗೆ, ಕೃತಜ್ಞತೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಈ ಪದಕ್ಕೆ ಮೊದಲಿದ್ದ ಅರ್ಥ, ಕೊಡಲೇಬೇಕೆಂಬ ಕಟ್ಟಳೆ ಇಲ್ಲದೆ ಮನಸ್ಸಿಗೆ ಬಂದು ಕೊಟ್ಟದ್ದು ಎಂಬುದು. ನಮ್ಮ ಕಾಯ್ದೆಯಲ್ಲಿ ಅದು ಹಕ್ಕಾಯಿತು, ಹಡಗಿನಲ್ಲಿ ಬಿಲ್ಲಿನ ಒಂದು ಸಾಲಾಯಿತು. ಮನಸ್ಸಿಗೆ ಬಂದು ಕೊಡುವುದು ಎಂಬ ಅರ್ಥ ಎರಡೂ ಕಡೆ ಸವೆದಿದೆ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬ ಪ್ರಶ್ನೆ ಬಂದಾಗ ಮೊದಲು ನೆನಪಾಗುವುದು ಬಕ್ಷೀಸು. ಪಾರಸಿಯಿಂದ ಬಂದ ಈ ಪದಕ್ಕೆ ಕೊಡುಗೆ ಎಂಬುದೇ ಮೂಲಾರ್ಥ. (ಮೊದಲಕ್ಷರಕ್ಕೆ ಮಹಾಪ್ರಾಣ ಹಚ್ಚಿ ‘ಭಕ್ಷೀಸು’ ಎಂದು ಬರೆಯುವವರಿದ್ದಾರೆ, ಭಕ್ಷ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.) 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಜಿಲ್ಲೆಯ ಹಳೆಯ ಕಾಗದಪತ್ರಗಳ ಭಾಷೆಗೆ ಮರಾಠಿಯ ನೆರಳು ಬಿದ್ದಿದ್ದು, ದಾನಪತ್ರಕ್ಕೆ ಬಕ್ಷೀಸುಪತ್ರ ಎಂಬ ಮಾತು ಈ ಭಾಗದಲ್ಲಿ ಪರಿಚಿತವೇ ಆಗಿದೆ. ಅಂದರೆ ಅಣ್ಣನು ತಮ್ಮನಿಗೆ ಬರೆದುಕೊಡುವ ತೋಟವೂ ಬಕ್ಷೀಸು, ಹೋಟೆಲಿನ ಮಾಣಿಗೆ ಬಡೇಸೋಪಿನ ತಟ್ಟೆಯಲ್ಲಿ ಬಿಟ್ಟುಬರುವ ಹತ್ತು ರೂಪಾಯಿಯೂ ಬಕ್ಷೀಸು. ಮಾತಿನಲ್ಲಿ ಇದನ್ನು ಇನ್ನೂ ಹಗುರಗೊಳಿಸಿ ‘ಚಾ ಕುಡಿಯಲಿಕ್ಕೆ’ ಎನ್ನುತ್ತೇವೆ. ರಷ್ಯನ್ನರೂ ಟಿಪ್ಸಿಗೆ ‘ಚಹಾಕ್ಕೆ’ ಎಂದೇ ಹೇಳುತ್ತಾರೆ, ಫ್ರೆಂಚರ ಮತ್ತು ಜರ್ಮನರ ಮಾತಿನಲ್ಲಿ ಅದು ‘ಕುಡಿಯಲಿಕ್ಕೆ’ ಕೊಡುವ ಹಣ. ಇಷ್ಟೆಲ್ಲ ಭಾಷೆಗಳಲ್ಲಿ ಈ ಹಣವನ್ನು ಒಂದು ಲೋಟಕ್ಕೆ ಅಳೆದಿರುವುದು ಸುಮ್ಮನೆ ಅಲ್ಲ; ಹೊಟ್ಟೆಗೆ ಬೇಕಾದದ್ದನ್ನು ಸಂಬಳ ನೋಡಿಕೊಳ್ಳುತ್ತದೆ, ಇದು ಅದರ ಮೇಲಿನ ಗುಟುಕು ಎಂಬ ಕಲ್ಪನೆ ಅದರ ಹಿಂದಿದೆ. ಹಡಗಿನ ಗ್ರ್ಯಾಚುಯಿಟಿಗೆ ಬಕ್ಷೀಸು ಎಂಬ ಪದ ಹೊಂದುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ, ಏಕೆಂದರೆ ಅಲ್ಲಿ ಹೊಟ್ಟೆಗೆ ಬೇಕಾದದ್ದರಲ್ಲೇ ದೊಡ್ಡ ಪಾಲು ಈ ಹಣದಿಂದ ಬರುತ್ತದೆ.

ಅದು ಹಾಗಾದದ್ದು ಹೇಗೆ ಎಂಬುದನ್ನು ತಿಳಿಯಲು ಅಮೆರಿಕದ ಹೋಟೆಲುಗಳ ಪದ್ಧತಿಯನ್ನು ನೋಡಬೇಕು. ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕನು ಕೈಯಿಂದ ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಮಾತ್ರ, ಮತ್ತು ಆ ಅಂಕಿ 1991ರಿಂದ ಕದಲಿಲ್ಲ; ಉಳಿದದ್ದು ಗಿರಾಕಿಯ ಕಿಸೆಯಿಂದ ಬರುತ್ತದೆ ಎಂದು ಕಾನೂನೇ ಎಣಿಸಿದೆ. ದೊಡ್ಡ ಪ್ರವಾಸಿ ಹಡಗುಗಳ ಗಿರಾಕಿಗಳಲ್ಲಿ ಬಹುಪಾಲು ಅಮೆರಿಕನ್ನರಾದ್ದರಿಂದ ಈ ರೂಢಿ ಹಡಗನ್ನೂ ಹತ್ತಿತು. ಹಡಗುಗಳು ನೋಂದಣಿಯಾಗಿರುವುದು ಬಹಾಮಾಸ್, ಪನಾಮಾ, ಬರ್ಮುಡಾ ಮುಂತಾದ ಕಡೆ. ಹೀಗಾಗಿ ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಅವುಗಳಿಗೆ ತಾಗುವುದಿಲ್ಲ. ಸಮುದ್ರದ ಮೇಲೆ ದುಡಿಯುವವರಿಗೆಂದು ಇರುವ ಅಂತರರಾಷ್ಟ್ರೀಯ ಒಪ್ಪಂದವು 2006ರಲ್ಲಿ ಅಂಗೀಕಾರವಾಗಿ 2013ರಲ್ಲಿ ಜಾರಿಗೆ ಬಂತು, ಭಾರತವೂ 2015ರಲ್ಲಿ ಅದಕ್ಕೆ ಸಹಿ ಸೇರಿಸಿತು. ಇಪ್ಪತ್ತನಾಲ್ಕು ತಾಸಿನಲ್ಲಿ ಕನಿಷ್ಠ 10 ತಾಸು, ಏಳು ದಿನದಲ್ಲಿ ಕನಿಷ್ಠ 77 ತಾಸು ವಿಶ್ರಾಂತಿ ಕೊಡಬೇಕೆಂದು ಅದು ಹೇಳುತ್ತದೆ. ವಿಶ್ರಾಂತಿಗೇ ಇಷ್ಟು ಲೆಕ್ಕ ಹಿಡಿಯಬೇಕಾಗಿ ಬಂದ ಕೆಲಸ ಎಂಥದ್ದು ಎಂಬುದನ್ನು ಓದುಗರೇ ಊಹಿಸಬಹುದು.

ಕಾರವಾರದ ಕಡೆಯವರಿಗೆ ಊಹೆಯೂ ಬೇಕಿಲ್ಲ. ಇಲ್ಲಿ ‘ಶಿಪ್ಪಿಗೆ ಹೋದವರು’ ಇರುವ ಮನೆಗಳು ಹೊಸವಲ್ಲ. ಕೊಂಕಣಿಯಲ್ಲಿ ಅವರನ್ನು ತಾರ್ವಟಿ ಎನ್ನುತ್ತಾರೆ. ಕೋಡಿಬಾಗದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿದ್ದವರೊಬ್ಬರು ಪ್ರವಾಸಿ ಹಡಗಿನ ಊಟದ ಮನೆಯಲ್ಲಿ ಹಲವು ವರ್ಷ ಇದ್ದರು. ಏಳೆಂಟು ತಿಂಗಳ ಕಾಂಟ್ರಾಕ್ಟ್ ಮುಗಿಸಿ ಸೈನ್ ಆಫ್ ಆಗಿ ಊರಿಗೆ ಬಂದರೆ ಮೊದಲ ವಾರ ಅವರು ಯಾರ ಮನೆಯಲ್ಲೂ ಊಟಕ್ಕೆ ಕೂರುತ್ತಿರಲಿಲ್ಲ, ನಿಂತೇ ಉಣ್ಣುತ್ತಿದ್ದರು; ಕುಳಿತರೆ ಯಾರೋ ಕರೆದಂತಾಗುತ್ತದೆ ಎನ್ನುತ್ತಿದ್ದರು. ತಮ್ಮ ಗಳಿಕೆಯ ಬಗ್ಗೆ ಅವರು ಹೇಳುತ್ತಿದ್ದ ಮಾತು ಒಂದೇ: “ಬೇಸಿಕ್ ಅಂದರೆ ಬರೀ ಅನ್ನ, ಗ್ರ್ಯಾಚುಯಿಟಿ ಬಂದರೇ ಸಾರು.” ರಜೆ ಎಂಬುದು ಕಾಂಟ್ರಾಕ್ಟಿನ ನಡುವೆ ಇಲ್ಲ. ವಾರದ ಏಳೂ ದಿನ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ.

ಊಟದ ಮನೆಯ ಈ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಗ್ರ್ಯಾಚುಯಿಟಿ ಯಾರಿಗೆ ಹೋಗುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ಪ್ರಯಾಣದ ಉದ್ದಕ್ಕೂ ಒಂದೇ ಮೇಜು, ಒಂದೇ ಹೊತ್ತು, ದಿನವೂ ಬಡಿಸುವವರೂ ಅದೇ ಜನ. ವೇಟರ್ ಊಟ ಹೇಳಿಸಿಕೊಂಡು ತಂದು ಬಡಿಸುತ್ತಾನೆ. ಸಹಾಯಕ ವೇಟರ್ ನೀರು, ಬ್ರೆಡ್ಡು, ಪಾನೀಯ ನೋಡಿಕೊಂಡು ಎಂಜಲು ತಟ್ಟೆ ತೆಗೆಯುತ್ತಾನೆ. ಹಲವು ಮೇಜುಗಳ ಮೇಲೆ ಕಣ್ಣಿಟ್ಟು ತಿರುಗುವವನು ಹೆಡ್ ವೇಟರ್. ಡಿಸ್ನಿಯ ಹಡಗುಗಳಲ್ಲಿ ಕುಟುಂಬವು ರಾತ್ರಿಗೊಂದು ಊಟದ ಮನೆಗೆ ಹೋದರೂ ಬಡಿಸುವ ತಂಡವೇ ಅವರನ್ನು ಹಿಂಬಾಲಿಸಿ ಬರುತ್ತದೆ. ನಮ್ಮಂಥ ಶಾಕಾಹಾರಿಗಳ ಮಟ್ಟಿಗೆ ಈ ಪದ್ಧತಿಯ ಬೆಲೆ ಎರಡನೆಯ ರಾತ್ರಿಯೇ ಗೊತ್ತಾಗುತ್ತದೆ. ಮೊದಲ ರಾತ್ರಿ ನನ್ನ ಅತ್ತೆ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮೂರೂ ಬೇಡವೆಂದು ನನ್ನ ಮೂಲಕ ಹೇಳಿಸಿದ್ದರು. ಮರುದಿನ ನಾವು ಕೂರುವುದರೊಳಗೆ ಹೆಡ್ ವೇಟರ್ ನಾಳೆಯ ಊಟದ ಪಟ್ಟಿ ಹಿಡಿದು ಬಂದು, ಇದರಲ್ಲಿ ಯಾವುದನ್ನು ಹಾಗೆ ಮಾಡಿಸಲಿ ಎಂದು ಕೇಳಿದ. ಊಟದ ಕೊನೆಗೆ ಸಹಾಯಕ ಹುಡುಗ ಏನನ್ನೂ ಕೇಳದೆ ಅತ್ತೆಯ ಮುಂದೆ ಒಂದು ಲೋಟ ಬಿಸಿನೀರು ಇಟ್ಟು ಹೋದ. ಹಿಂದಿನ ದಿನ ಅವರು ಔಷಧಿಗೆಂದು ಬಿಸಿನೀರು ಕೇಳಿದ್ದನ್ನು ಅವನು ನೆನಪಿಟ್ಟಿದ್ದ.

ಬಫೆಯಲ್ಲೇ ಮೂರು ಹೊತ್ತೂ ಉಂಡು, ಮೇಜಿಗೆ ಯಾರೂ ಬಡಿಸಲೇ ಇಲ್ಲವಲ್ಲ, ಮತ್ತೆ ಗ್ರ್ಯಾಚುಯಿಟಿ ಏಕೆ ಎಂದು ಕೇಳುವವರಿದ್ದಾರೆ. ಬಫೆಯ ಪಾತ್ರೆ ತುಂಬುವವರು, ಮೇಜು ಒರೆಸುವವರು, ಕೆಳಗಿನ ಅಂತಸ್ತಿನಲ್ಲಿ ಪಾತ್ರೆ ತೊಳೆಯುವವರು, ಕೋಣೆಯ ಹಾಸಿಗೆ ಮಾಡುವವರು ಇದ್ದೇ ಇದ್ದಾರೆ. ಅನೇಕ ಕಂಪನಿಗಳಲ್ಲಿ ದಿನದ ಮೊತ್ತವನ್ನು ಒಟ್ಟುಗೂಡಿಸಿ ಇಂಥವರಿಗೂ ಹಂಚುವ ಕ್ರಮವಿದೆ. ನಮ್ಮ ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಓಡಾಡಿ ಬಡಿಸಿದವರನ್ನು ಎಲ್ಲರೂ ಹೊಗಳುತ್ತಾರೆ, ಒಲೆಯ ಮುಂದೆ ಬೆವರಿದವರನ್ನು ಅಡಿಗೆ ಭಟ್ಟರೊಬ್ಬರು ಬಿಟ್ಟರೆ ಯಾರೂ ಕೇಳುವುದಿಲ್ಲ. ಆ ಮಟ್ಟಿಗೆ ಹಂಚಿಕೆಯ ಲೆಕ್ಕ ನನಗೆ ಸರಿಯಾಗಿಯೇ ಕಾಣುತ್ತದೆ.

ಇನ್ನು ಅಂಕಿಗಳು. ಈಚಿನ ವರ್ಷಗಳಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಸಾಮಾನ್ಯ ಕೋಣೆಗಳಿಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಸೂಟ್ ಕೋಣೆಯಾದರೆ ಅದಕ್ಕಿಂತ ಹೆಚ್ಚು ನಡೆಯುತ್ತಿದೆ. ಕುಟುಂಬದೊಂದಿಗೆ ಹೋಗುವವರು ಗಮನಿಸಬೇಕಾದದ್ದು ‘ತಲೆಗೆ’ ಎಂಬ ಮಾತನ್ನು: ಕೋಣೆಗೆ ಇಷ್ಟೆಂದಲ್ಲ, ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಇಷ್ಟು. ತೀರ ಎಳೆಯ ಕೂಸುಗಳನ್ನು ಕೆಲವು ಕಂಪನಿಗಳು ಬಿಡುತ್ತವೆ, ಆದರೆ ಶಾಲೆಗೆ ಹೋಗುವ ಮಗುವಿಗೆ ಸಾಮಾನ್ಯವಾಗಿ ದೊಡ್ಡವರಷ್ಟೇ ದರ. 16 ಡಾಲರಿನಂತೆ ಹಿಡಿದರೂ ಆರು ಜನ, ನಾಲ್ಕು ರಾತ್ರಿಗೆ 384 ಡಾಲರ್. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 34,560 ರೂಪಾಯಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರಕ್ಕೆ ಇದು ಸೇರಿರುವುದಿಲ್ಲ; ಮೊದಲೇ ಕಟ್ಟದಿದ್ದರೆ ಹಡಗಿನ ಖಾತೆಗೆ ದಿನದಿನವೂ ಬಿದ್ದು ಇಳಿಯುವ ಮುಂಜಾನೆಯ ಬಿಲ್ಲಿನಲ್ಲಿ ಒಟ್ಟಾಗಿ ಕಾಣಿಸುತ್ತದೆ. ಬಾರಿನ ಪಾನೀಯ, ಬೇರೆ ಹಣ ತೆತ್ತು ಹೋಗುವ ಊಟದ ಮನೆ ಇಂಥವುಗಳ ಮೇಲೆ ಶೇಕಡಾ 18ರಿಂದ 20ರಷ್ಟು ಸೇರುವುದು ಬೇರೆಯೇ ಲೆಕ್ಕ. ಎಲ್ಲ ಕಡೆ ಹೀಗಿಲ್ಲ ಎಂಬುದನ್ನೂ ಹೇಳಬೇಕು: ಬ್ರಿಟನ್ನಿನ ಪಿ ಅಂಡ್ ಓ ಕಂಪನಿ 2019ರಲ್ಲಿ ಈ ದಿನದ ವಸೂಲಿಯನ್ನು ಕೈಬಿಟ್ಟು ಟಿಕೆಟ್ ದರದಲ್ಲೇ ಸೇರಿಸಿತು. ನನಗೆ ಕೇಳಿದರೆ ಅದೇ ಪ್ರಾಮಾಣಿಕ ಕ್ರಮ. ಸಂಬಳವನ್ನು ಸಂಬಳವೆಂದೇ ಕರೆದು ದರದಲ್ಲಿ ಸೇರಿಸಲು ಏನು ಅಡ್ಡಿ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಹೋಟೆಲುಗಳು ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹೋಟೆಲಿನವರು ಕಾರ್ಡಿನ ಮೂಲಕ ಪಡೆದು ನೌಕರರಿಗೆ ಹಂಚಿದ ಟಿಪ್ಸ್ ಮಾಲೀಕನು ಕೊಟ್ಟ ಸಂಬಳವಲ್ಲ, ಹಾಗಾಗಿ ಸಂಬಳದ ಬಾಬ್ತು ಅದರಿಂದ ತೆರಿಗೆ ಮುರಿದುಕೊಳ್ಳಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿತ್ತು. ಇಲ್ಲಿ ಟಿಪ್ಸ್ ಎಂದರೆ ಗಿರಾಕಿಯ ಮರ್ಜಿ. ಆ ತಿಳಿವಳಿಕೆಯನ್ನೇ ಹೊತ್ತು ವಿದೇಶಿ ಹಡಗು ಹತ್ತಿದವರು ಕೌಂಟರಿಗೆ ಹೋಗಿ ಈ ಸಾಲನ್ನು ತೆಗೆಯಿರಿ ಎಂದು ವಾದಿಸುವುದುಂಟು. ಕೆಲವು ಕಂಪನಿಗಳು ತೆಗೆದೂ ಕೊಡುತ್ತವೆ. ಆದರೆ ತೆಗೆಸಿದ್ದರಿಂದ ಖೋತಾ ಆಗುವುದು ಕಂಪನಿಗಲ್ಲ, ಬಿಸಿನೀರು ತಂದಿಟ್ಟ ಹುಡುಗನಿಗೆ. ಸೇವೆಯಲ್ಲಿ ನಿಜವಾದ ದೋಷವಿದ್ದರೆ ಮೊದಲ ದಿನವೇ ಹೆಡ್ ವೇಟರಿಗೆ ಹೇಳಿದರೆ ಮೇಜು ಬದಲಾಗುತ್ತದೆ. ನಾಲ್ಕೂ ದಿನ ಸುಮ್ಮನಿದ್ದು ಕೊನೆಗೆ ಹಣ ಹಿಡಿಯುವುದು ನನಗೆ ಸರಿಕಾಣುವುದಿಲ್ಲ.

ಹಾಗಾದರೆ ಹಡಗಿನಲ್ಲಿ ಬಕ್ಷೀಸು ಎಂಬುದೇ ಇಲ್ಲವೇ ಎಂದರೆ, ಇದೆ. ಕೊನೆಯ ರಾತ್ರಿ ಊಟದ ಬಳಿಕ ಲಕೋಟೆಯಲ್ಲಿಟ್ಟು ಕೈಗೆ ಕೊಡುವ ಹಣವೇ ಅದು. ಇದಕ್ಕೆ ದರವಿಲ್ಲ, ಕಟ್ಟಳೆಯಿಲ್ಲ, ಕೊಡದಿದ್ದರೆ ಮುಖ ಸಿಂಡರಿಸುವವರೂ ಇಲ್ಲ. ಹಡಗಿನಲ್ಲಿ ಉಳಿದ ವ್ಯವಹಾರವೆಲ್ಲ ಕಾರ್ಡಿನಲ್ಲೇ ನಡೆಯುವುದರಿಂದ, ಲಕೋಟೆಗೆ ಬೇಕಾದ ಐದು, ಹತ್ತು ಡಾಲರಿನ ಬಿಡಿ ನೋಟುಗಳನ್ನು ಊರು ಬಿಡುವಾಗಲೇ ಕೇಳಿ ಪಡೆಯುವುದು ಒಳ್ಳೆಯದು.

ಮಾವ ವೇಟರಿಗೆ 20, ಸಹಾಯಕನಿಗೆ 20 ಎಂದು ತೆಗೆದಿಟ್ಟವರು, ಶುಭಕ್ಕೆ ಕೊಡುವಾಗ ಮೊತ್ತ ಸೊನ್ನೆಯಲ್ಲಿ ಮುಗಿಯಬಾರದೆಂದು ಹಟ ಹಿಡಿದು, ಕೌಂಟರಿನಲ್ಲಿ ನೋಟು ಬಿಡಿಸಿ ಒಂದು ಡಾಲರಿನ ಎರಡು ನೋಟು ತಂದರು. ಇಪ್ಪತ್ತೊಂದರ ಲೆಕ್ಕ ಆ ಹುಡುಗರಿಗೆ ಅರ್ಥವಾಯಿತೋ ಇಲ್ಲವೋ; ಅತ್ತೆ ಮಾತ್ರ ಬಿಸಿನೀರಿನ ಹುಡುಗನ ಲಕೋಟೆಯನ್ನು ತಾವೇ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಊರಿಗೆ ಬಂದ ಮೇಲೆ ಮಾವನ ಖರ್ಚಿನ ಪುಸ್ತಕ ನೋಡಿದೆ. 384 ಡಾಲರ್ ‘ಟಿಕೆಟ್ ಮತ್ತು ಊಟ’ದ ಕೆಳಗೆ ಸೇರಿತ್ತು, 42 ಡಾಲರಿಗೆ ಬೇರೆ ಪುಟ ತೆರೆದು ‘ಖುಷಿಗೆ’ ಎಂದು ಬರೆದಿದ್ದರು.