ಕರಿ ಕರಡಿ ಮತ್ತು ಬಾಣದ ಲೆಕ್ಕ

ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ ಸುಮಾರು 120 ಜೂಲ್ ಶಕ್ತಿ ಇರುತ್ತದೆ. ಅಮೆರಿಕದಲ್ಲಿ ಕರಿ ಕರಡಿಯ ಬೇಟೆಗೆ ಬಳಸುವ ಬಾಣದಲ್ಲಿ ಎಷ್ಟಿರಬಹುದು? 29 ಗ್ರಾಂ ತೂಕದ ಬಾಣ ಸೆಕೆಂಡಿಗೆ 82 ಮೀಟರ್ ವೇಗದಲ್ಲಿ ಹೊರಟರೆ ಲೆಕ್ಕ 98 ಜೂಲ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಚೆಂಡಿಗಿಂತ ಕಡಿಮೆ! ಆ ಚೆಂಡು ಪಕ್ಕೆಗೆ ಬಡಿದರೆ ಕರಡಿ ಗುರುಗುಟ್ಟಿ ಓಡಿಹೋದೀತು, ಅಷ್ಟೇ. ಅದೇ ಬಾಣ ಎರಡೂ ಶ್ವಾಸಕೋಶಗಳನ್ನು ದಾಟಿ ಹೋದರೆ ನೂರು ಕಿಲೋ ತೂಗುವ ಪ್ರಾಣಿ ಕೂಡ ಸಾಮಾನ್ಯವಾಗಿ ನಿಮಿಷದೊಳಗೆ ನೆಲಕ್ಕುರುಳುತ್ತದೆ.

ಬಾಣ ಗುದ್ದುವುದಿಲ್ಲ, ಕೊಯ್ಯುತ್ತದೆ. ದೊಡ್ಡ ಪ್ರಾಣಿಗಳಿಗೆಂದು ಮಾಡಿದ ರೈಫಲ್ ಗುಂಡಿನಲ್ಲಿ ಮೂರು ಸಾವಿರ ಜೂಲ್‌ಗೂ ಜಾಸ್ತಿ ಶಕ್ತಿ ಇರುತ್ತದೆ. ಅದು ಸುತ್ತಲಿನ ಮಾಂಸವನ್ನೂ ಛಿದ್ರ ಮಾಡುತ್ತದೆ. ಬಾಣಕ್ಕೆ ಆ ಸೌಲಭ್ಯ ಇಲ್ಲ. ಅದು ಹೋದ ದಾರಿಯಲ್ಲಿ ಸಿಕ್ಕ ರಕ್ತನಾಳಗಳು ತುಂಡಾಗಬೇಕು, ಎದೆಗೂಡಿನೊಳಗೆ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯಬೇಕು, ಮಿದುಳಿಗೆ ಆಮ್ಲಜನಕ ನಿಲ್ಲಬೇಕು. ಬಿಲ್ಲು ಬಾಣ ಆರಿಸುವವರು ಮೊದಲು ನೋಡಬೇಕಾದ್ದು ಬಾಣದ ತುದಿಯನ್ನು. ಆದರೆ ಹೆಚ್ಚಿನವರು ಶುರು ಮಾಡುವುದು ಬಿಲ್ಲಿನ ವೇಗದಿಂದ.

ಬೇಟೆ ಬಾಣದ ತುದಿಗೆ ಹಾಕುವ ಅಲಗಿನ ಮೊನೆಗೆ ಬ್ರಾಡ್‌ಹೆಡ್ ಅಂತಾರೆ. ಅದರ ಹರಿತ ಪರೀಕ್ಷಿಸಲು ಅನುಭವಿಗಳು ಒಂದು ಸರಳ ಉಪಾಯ ಮಾಡುತ್ತಾರೆ. ಸಣ್ಣ ಡಬ್ಬಿಯ ಬಾಯಿಗೆ ಅಡ್ಡಡ್ಡ ರಬ್ಬರ್ ಬ್ಯಾಂಡ್‌ಗಳನ್ನು ಎಳೆದು ಕಟ್ಟಿ, ನಡುವೆ ಅಲಗನ್ನು ಮೆಲ್ಲಗೆ ಇಳಿಸುತ್ತಾರೆ. ಹರಿತ ಇದ್ದರೆ ತಾಗಿದ ಕೂಡಲೇ ಪಟಪಟನೆ ತುಂಡಾಗುತ್ತವೆ. ಮೊಂಡಾಗಿದ್ದರೆ ಬ್ಯಾಂಡ್‌ಗಳು ಬಾಗಿ, ಪಕ್ಕಕ್ಕೆ ಸರಿದು, ಅಲಗಿಗೆ ದಾರಿ ಬಿಡುತ್ತವೆ. ರಕ್ತನಾಳಗಳೂ ಹೀಗೇ ಹಿಗ್ಗುವ ಗುಣದವು. ಮೊಂಡು ಅಲಗು ಅವುಗಳನ್ನು ತಳ್ಳಿಕೊಂಡು ಹೋಗುತ್ತದೆ, ಕತ್ತರಿಸುವುದಿಲ್ಲ. ಪ್ರಾಣಿ ಗಾಯಗೊಂಡು ಮೈಲಿಗಟ್ಟಲೆ ಓಡುವುದು ಆಗಲೇ.

ಬ್ರಾಡ್‌ಹೆಡ್‌ನಲ್ಲಿ ಎರಡು ಬಗೆ. ಒಂದರಲ್ಲಿ ಅಲಗುಗಳು ಸ್ಥಿರ. ಇನ್ನೊಂದರಲ್ಲಿ ಹಾರುವಾಗ ಮಡಚಿಕೊಂಡಿದ್ದು, ತಾಗಿದಾಗ ಬಿಚ್ಚಿಕೊಳ್ಳುತ್ತವೆ. ಎರಡನೆಯದು ಗಾಳಿಯಲ್ಲಿ ನೇರ ಹೋಗುತ್ತದೆ, ಗಾಯವೂ ಅಗಲ. ಆದರೆ ಬಿಚ್ಚಿಕೊಳ್ಳಲು ಮತ್ತು ಅಗಲವಾಗಿ ಕೊಯ್ಯಲು ಬಾಣದ ಶಕ್ತಿಯೇ ಖರ್ಚಾಗುತ್ತದೆ. ಇರುವುದೇ ನೂರು ಜೂಲ್, ಅದರಲ್ಲೂ ಪಾಲು ಕೊಡಬೇಕು. ಎಳೆತದ ಭಾರ ಕಡಿಮೆ ಇರುವ ಬಿಲ್ಲು ಹಿಡಿಯುವವರಿಗೆ ಸ್ಥಿರ ಅಲಗೇ ವಾಸಿ ಅನ್ನುವುದು ನನ್ನ ಮತ.

ಇನ್ನು ತೂಕ. ಬಾಣಗಳನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ, ಗ್ರಾಂ ಒಂದಕ್ಕೆ ಹದಿನೈದೂವರೆ ಗ್ರೇನ್. ಒಂದೇ ಬಿಲ್ಲಿನಿಂದ 26 ಗ್ರಾಂ ಬಾಣ, ಆಮೇಲೆ 32 ಗ್ರಾಂ ಬಾಣ ಬಿಟ್ಟಿರಿ ಅಂದುಕೊಳ್ಳಿ. ಎರಡಕ್ಕೂ ಸಮ ಶಕ್ತಿ ಸಿಕ್ಕರೂ ಭಾರದ ಬಾಣದ ಸಂವೇಗ (ತೂಕವನ್ನು ವೇಗದಿಂದ ಗುಣಿಸಿದ್ದು) ಶೇ. 11ರಷ್ಟು ಜಾಸ್ತಿ. ವಾಸ್ತವದಲ್ಲಿ ಭಾರದ ಬಾಣ ಬಿಲ್ಲಿನಿಂದ ತುಸು ಹೆಚ್ಚೇ ಶಕ್ತಿ ಎಳೆದುಕೊಳ್ಳುತ್ತದೆ. ಉಳಿದ ಶಕ್ತಿ ಬಿಲ್ಲಿನ ಅದುರಾಟ ಮತ್ತು ಸದ್ದಾಗಿ ಹೋಗುತ್ತದೆ. ಹಾಗಾಗಿ ಭಾರದ ಬಾಣ ಬಿಟ್ಟಾಗ ಬಿಲ್ಲು ಸದ್ದೂ ಕಡಿಮೆ ಮಾಡುತ್ತದೆ. ಸದ್ದು ಸಣ್ಣ ವಿಷಯ ಅಲ್ಲ. 18 ಮೀಟರ್ ದೂರವನ್ನು ಸದ್ದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ಮುಟ್ಟಿದರೆ, ಬಾಣಕ್ಕೆ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಬೇಕು. ಆ ಅಂತರದಲ್ಲಿ ಬೆಚ್ಚಿದ ಪ್ರಾಣಿ ಮೈ ಕುಗ್ಗಿಸಿಬಿಡಬಹುದು. ಜಾಹೀರಾತಿನಲ್ಲಿ ಮೆರೆಯುವ ವೇಗ, ಎಳೆಯಲು 70 ಪೌಂಡ್ ಬಲ ಬೇಕಾಗುವ ಬಿಲ್ಲಿಗೆ ಬರೀ 350 ಗ್ರೇನ್ ಬಾಣ ಹೂಡಿ ಅಳೆದದ್ದು. ಕಾಡಿಗೆ ಒಯ್ಯುವ ಬಾಣಕ್ಕೆ ಅದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಬಾಣದ ಗಡಸುತನಕ್ಕೆ ಸ್ಪೈನ್ ಅನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಹಾಕಿದರೆ ಅದು ಎಷ್ಟು ಬಾಗುತ್ತದೆ ಅನ್ನುವುದೇ ಅಳತೆ. 340 ಅಂದರೆ 0.340 ಇಂಚು ಬಾಗಿತು ಅಂತ. ಬಿಲ್ಲಿಗೆ ಹೊಂದದ ಬಾಣ ಮೀನಿನ ಹಾಗೆ ಬಳುಕುತ್ತಲೇ ಹೋಗಿ ಬಡಿಯುತ್ತದೆ, ಒಂದಷ್ಟು ಬಲ ಅಲ್ಲೇ ಸೋರಿಹೋಗುತ್ತದೆ.

ಬಿಲ್ಲಿನ ವಿಷಯಕ್ಕೆ ಬಂದರೆ, ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕ ಕಾಂಪೌಂಡ್ ಬಿಲ್ಲು ಈ ಬೇಟೆಯ ಸ್ವರೂಪವನ್ನೇ ಬದಲಿಸಿತು. ಹಳೇ ಕಾಲದ ಬಿಲ್ಲಿನಲ್ಲಿ ಎಳೆದಷ್ಟೂ ಭಾರ ಏರುತ್ತದೆ. ಪೂರ್ತಿ ಎಳೆದು ನಿಲ್ಲುವ ಹೊತ್ತಿಗೆ ಬೆರಳ ಮೇಲೆ ಪೂರಾ 60 ಪೌಂಡ್, ಅಂದರೆ 27 ಕಿಲೋ. ಕಾಂಪೌಂಡ್‌ನ ತುದಿಗಳಲ್ಲಿರುವ ಕ್ಯಾಮ್ ಚಕ್ರಗಳು ಎಳೆತದ ಕೊನೆಯಲ್ಲಿ ಭಾರವನ್ನು ತಟ್ಟನೆ ಇಳಿಸುತ್ತವೆ. ಶೇ. 80 ಇಳಿದರೆ ಹಿಡಿದಿಡಬೇಕಾದ್ದು ಐದೂವರೆ ಕಿಲೋ ಮಾತ್ರ. ಕರಡಿ ಎದುರೆದುರೇ ನಿಂತಿದ್ದರೆ ಬಾಣ ಬಿಡಬಾರದು, ಅದು ಪಕ್ಕಕ್ಕೆ ತಿರುಗುವ ತನಕ ಎಳೆದೇ ಕಾಯಬೇಕು. ಅಲ್ಲಿ ಈ ಚಕ್ರಗಳ ಬೆಲೆ ಗೊತ್ತಾಗುತ್ತದೆ. ಹಾಗಂತ ಸುಮ್ನೆ 70 ಪೌಂಡ್ ಕೊಳ್ಳಬೇಡಿ. ಗಂಟೆಗಟ್ಟಲೆ ಮರದ ಮೇಲೆ ಅಲುಗಾಡದೆ ಕೂತ ಮೇಲೂ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರ ಎಳೆಯಲು ಆಗುವಷ್ಟು ಭಾರ ಸಾಕು.

ಜಿಂಕೆಗೆ ಬಾಣ ಬಿಟ್ಟು ಪಳಗಿದವರನ್ನೂ ಕರಡಿ ಏಮಾರಿಸುತ್ತದೆ. ಹೊಟ್ಟೆ ಕೆಳಗೆ ಜೋತಾಡುವ ಕೂದಲು, ಕೊಬ್ಬು ಸೇರಿ ಮೈಯ ಗೆರೆ ಕೆಳಗಿಳಿದ ಹಾಗೆ ಕಾಣುತ್ತದೆ. ಆ ಗೆರೆ ನಂಬಿ ಗುರಿಯಿಟ್ಟರೆ ಬಾಣ ಶ್ವಾಸಕೋಶದ ಕೆಳಗೆ ಹಾಯುತ್ತದೆ. ಮುಸ್ಸಂಜೆಯಲ್ಲಿ ಕಪ್ಪು ತುಪ್ಪಳ ಇದ್ದಬದ್ದ ಬೆಳಕನ್ನೆಲ್ಲ ನುಂಗುತ್ತದೆ. ಭುಜ ಎಲ್ಲಿ ಮುಗಿಯಿತು, ಪಕ್ಕೆ ಎಲ್ಲಿ ಶುರುವಾಯಿತು, ಏನೂ ತಿಳಿಯದು. ಅದಕ್ಕೇ ದಾರದಲ್ಲಿ ಕೂರಿಸುವ ನೋಟದ ರಂಧ್ರ ದೊಡ್ಡದಿರಲಿ, ಗುರಿಯ ಪಿನ್ ಬೆಳಕು ಹಿಡಿಯುವ ಫೈಬರ್‌ನದ್ದಿರಲಿ ಅನ್ನುತ್ತಾರೆ.

ಅಮೆರಿಕದ ಮೇನ್ ರಾಜ್ಯದಲ್ಲಿ ತಿಂಡಿ ಇಟ್ಟು ಕರಡಿಯನ್ನು ಹತ್ತಿರ ಕರೆಯುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. ಅದನ್ನು ನಿಲ್ಲಿಸಬೇಕೆಂಬ ಪ್ರಸ್ತಾಪಕ್ಕೆ ಜನ 2004ರಲ್ಲೂ 2014ರಲ್ಲೂ ಬೇಡವೆಂದರು. ಕೊಲರಾಡೊ ಜನ 1992ರಲ್ಲಿ, ಒರೆಗಾನ್ ಜನ 1994ರಲ್ಲಿ ಅದನ್ನು ನಿಷೇಧಿಸಿದರು. ಹಸಿದ ಪ್ರಾಣಿಗೆ ಊಟ ತೋರಿಸಿ ಕೊಲ್ಲುವುದು ನನಗೆ ಹಿಡಿಸುವುದಿಲ್ಲ. ಆದರೆ ನೂರು ಜೂಲ್‌ನ ಆಯುಧಕ್ಕೆ ಹತ್ತಿರದಲ್ಲಿ ನಿಂತ ಪ್ರಾಣಿಯೇ ಬೇಕು, ಜೊತೆಗೆ ಮರಿ ಇದೆಯಾ ಅಂತ ನೋಡಲೂ ಸಮಯ ಸಿಗುತ್ತದೆ ಎಂಬ ತಿಂಡಿ ಇಡುವವರ ವಾದವನ್ನು ತಳ್ಳಿಹಾಕುವುದು ಕಷ್ಟ. ಭಾರತದಲ್ಲಿ ಈ ಚರ್ಚೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಕರಡಿ ಬೇಟೆ ಅಪರಾಧ. ದರೋಜಿಯ ನಮ್ಮ ಕರಡಿಯ ಜಾತಿಯೂ ಬೇರೆ, ಗೆದ್ದಲು ಇರುವೆ ತಿನ್ನುವಂಥದ್ದು.

ಬಾಣ ತಾಗಿದ ಮೇಲೂ ಕೆಲಸ ಬಾಕಿ ಇರುತ್ತದೆ. ಚಳಿಗಾಲದ ನಿದ್ದೆಗೆ ಮುಂಚೆ ಕರಡಿ ಕಂಡದ್ದೆಲ್ಲ ತಿಂದು ದಪ್ಪ ಕೊಬ್ಬು ಕೂಡಿಟ್ಟಿರುತ್ತದೆ. ಆ ಕೊಬ್ಬು ಸರಿದು ಗಾಯದ ಬಾಯಿ ಮುಚ್ಚುತ್ತದೆ, ಸೋರಿದ ರಕ್ತವನ್ನು ತುಪ್ಪಳ ಹೀರಿಕೊಳ್ಳುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳದೆ ಹೋಗಬಹುದು. ಬಾಣ ಆಚೆ ಪಕ್ಕದಿಂದ, ಅದರಲ್ಲೂ ಕೆಳಭಾಗದಿಂದ ಹೊರಬರಲಿ ಅಂತ ಬಯಸುವುದು ಇದಕ್ಕೇ. ಅಷ್ಟಾದರೂ ಜಾಡು ಸಿಗದಿದ್ದರೆ ಮೇನ್‌ನಲ್ಲಿ ಬೇಟೆಗಾರರು ಪರವಾನಗಿ ಇರುವ ನಾಯಿಪಾಲಕರಿಗೆ ಫೋನ್ ಮಾಡುತ್ತಾರೆ. ಹಗ್ಗ ಕಟ್ಟಿದ ನಾಯಿ ವಾಸನೆ ಹಿಡಿದು ಪೊದೆಯೊಳಗೆ ನುಗ್ಗುತ್ತದೆ, ಅವರು ಟಾರ್ಚ್ ಹಿಡಿದು ಹಿಂದೆ ನಡೆಯುತ್ತಾರೆ.