ಹಾಳು ಕಟ್ಟಡದೊಳಗೆ ಹೋಗುವ ಮುನ್ನ ನೀರಿನ ಜಾಡು ನೋಡಿ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಪಾರ್ಶ್ವ ನೆಲಕಚ್ಚಿದ್ದು 2022ರ ಅಕ್ಟೋಬರ್‌ನಲ್ಲಿ. ಮೂರೂ ಊರಿನ ನಡುವೆ ಜನ ದಿನವೂ ಬಳಸುತ್ತಿದ್ದ ಕಟ್ಟಡಗಳು. ಮೂರೂ ಮಳೆಯ ತಿಂಗಳುಗಳಲ್ಲೇ ಬಿದ್ದವು. ಜನರ ಓಡಾಟವಿದ್ದ ಕಟ್ಟಡಗಳ ಗತಿಯೇ ಹೀಗಿರುವಾಗ, ಇಪ್ಪತ್ತು ಮೂವತ್ತು ವರ್ಷ ಯಾರೂ ಹಂಚು ಸರಿಸದ, ಯಾರೂ ತಾರಸಿಯ ಕಸ ಗುಡಿಸದ ಕಟ್ಟಡ ಹೇಗಿರಬಹುದು?

ಹಾಳು ಬಿದ್ದ ಬಂಗಲೆ, ಮುಚ್ಚಿದ ಗಿರಣಿ, ಅರ್ಧಕ್ಕೆ ನಿಂತ ವಸತಿ ಸಮುಚ್ಚಯಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ಹಳೆಯ ಕಟ್ಟಡಗಳ ಬಲಾಬಲ ಪರಿಶೀಲಿಸುವುದು ನನ್ನ ಕಸುಬು. ಹೀಗಾಗಿ 'ಒಳಗೆ ಹೋಗಬಹುದೇ ಸರ್, ಗಟ್ಟಿಯಾಗಿದೆಯೇ?' ಎಂದು ಫೋಟೊ ಕಳುಹಿಸಿ ಕೇಳುವವರಿದ್ದಾರೆ. ಫೋಟೊ ನೋಡಿ ಹೇಳಲು ಬರುವುದಿಲ್ಲ. ಹಾಗೆಂದು ಹವ್ಯಾಸವನ್ನು ಬಯ್ಯುವ ಮನಸ್ಸೂ ನನಗಿಲ್ಲ. ಹಳೆಯ ಗೋಡೆಯ ಮುಂದೆ ನಿಂತು ನೋಡುವವರು ಇರುವುದೇ ಆ ಗೋಡೆಗಳ ಪುಣ್ಯ. ಆದರೆ 'ದೆವ್ವ ಇದೆಯೇ' ಎಂದು ಊರವರನ್ನು ವಿಚಾರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನೀರು ಎಲ್ಲಿಂದ ಒಳಗೆ ಬರುತ್ತಿದೆ, ಎಷ್ಟು ಕಾಲದಿಂದ ಬರುತ್ತಿದೆ, ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತಿದೆ?

ಇದನ್ನು ಹೊರಗೆ ನಿಂತೇ ಮುಕ್ಕಾಲು ಪಾಲು ಓದಬಹುದು. ಕಟ್ಟಡದ ಸುತ್ತ, ಅದರ ಎತ್ತರದಷ್ಟಾದರೂ ದೂರದಲ್ಲಿ, ಒಂದು ಪ್ರದಕ್ಷಿಣೆ ಹಾಕಿ. ಪ್ಯಾರಪೆಟ್ಟಿನ, ಅಂದರೆ ತಾರಸಿಯ ಅಂಚಿನ ಮೋಟು ಗೋಡೆಯ, ಕೆಳಗೆ ಕಪ್ಪು ಪಟ್ಟೆ ಇಳಿದಿದೆಯೇ? ಅದು ತಾರಸಿಯ ನೀರು ಗೋಡೆಯ ಮೇಲೆ ಹರಿದ ಗುರುತು. ಮೂಲೆಯಲ್ಲಿ ಅರಳಿ ಸಸಿ ಚಿಗುರಿದೆಯೇ? ಹಾಗಿದ್ದರೆ ಅಲ್ಲಿ ಬಿರುಕೂ ಇದೆ, ತೇವವೂ ಇದೆ, ಮತ್ತು ಬೇರು ವರ್ಷವರ್ಷವೂ ಆ ಬಿರುಕನ್ನು ಅಗಲ ಮಾಡುತ್ತಿದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೀರು ನೆಲದಿಂದ ಮೇಲೇರುತ್ತಿದೆ ಎಂದರ್ಥ. ಗೋಡೆಯ ನಡುಭಾಗ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ ಅಲ್ಲಿಂದಲೇ ಹಿಂದಿರುಗಿ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕುಗಳನ್ನು ಜನ ಬೆರಳಿಟ್ಟು ತೋರಿಸುತ್ತಾರೆ. ನಾನು ಅವುಗಳಿಗೆ ಅಷ್ಟಾಗಿ ಅಂಜುವುದಿಲ್ಲ. ಅಂಜುವುದು ಈ ಉಬ್ಬಿಗೆ.

ಹಳೇ ಮೈಸೂರು ಸೀಮೆಯ ಬಂಗಲೆ, ಛತ್ರ, ಕಚೇರಿಗಳಲ್ಲಿ ಹೆಚ್ಚಾಗಿ ಸಿಗುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ಜಂತಿಗಳು, ಅವುಗಳ ಮೇಲೆ ನಿಲ್ಲಿಸಿ ಜೋಡಿಸಿದ ತೆಳ್ಳನೆಯ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ. ಬಹಳ ಭಾರದ ಚಾವಣಿ ಇದು. ಒಣಗಿದ್ದಷ್ಟು ಕಾಲ ನೂರು ವರ್ಷ ದಾಟಿದರೂ ಜಪ್ಪಯ್ಯ ಎನ್ನುವುದಿಲ್ಲ. ಕೆಳಗೆ ನಿಂತು ನೋಡಿದರೆ ಜಂತಿಯ ನಡುಭಾಗ ಇಂದಿಗೂ ನಯವಾಗಿ, ನೇರವಾಗಿ ಕಾಣುತ್ತದೆ. ನೋಡಬೇಕಾದದ್ದು ಅದನ್ನಲ್ಲ. ಜಂತಿಯ ತುದಿ ಒಂದು ಗೇಣಿನಷ್ಟು ಗೋಡೆಯೊಳಗೆ ಹುದುಗಿರುತ್ತದೆ. ಪ್ಯಾರಪೆಟ್ಟಿನ ಸಂದಿಯಲ್ಲಿ ಇಳಿದ ನೀರು ಹೋಗಿ ನಿಲ್ಲುವುದು ಸರಿಯಾಗಿ ಆ ಗೂಡಿನಲ್ಲಿ. ಗಾಳಿಯಾಡುವುದಿಲ್ಲ, ಒಣಗುವುದಿಲ್ಲ. ಮರ ಅಲ್ಲಿ ಮೊದಲು ಕೊಳೆಯುತ್ತದೆ, ಗೆದ್ದಲು ಆಮೇಲೆ ಬರುತ್ತದೆ. ಪರಿಶೀಲನೆಗೆ ಹೋದಾಗ ಏಣಿ ಹಾಕಿ, ಜಂತಿ ಗೋಡೆ ಸೇರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತುತ್ತೇನೆ. ಒಳ್ಳೆಯ ತೇಗವಾದರೆ ಮೊನೆ ಗೀರುತ್ತದೆ, ಅಷ್ಟೆ. ಕೊಳೆತದ್ದಾದರೆ ಹಿಡಿಯವರೆಗೂ ಸರಾಗವಾಗಿ ಇಳಿದು, ಹೊರಗೆಳೆದಾಗ ಕಾಫಿ ಗಸಿಯಂಥ ಪುಡಿ ಅಂಟಿಕೊಂಡು ಬರುತ್ತದೆ. ಅದೇ ಜಂತಿಯ ಮೇಲೆ ಟನ್ನುಗಟ್ಟಲೆ ಗಾರೆ ಕೂತಿರುತ್ತದೆ.

ಆದ್ದರಿಂದಲೇ ವಿದೇಶಿ ವಿಡಿಯೊಗಳಲ್ಲಿ ಸಿಗುವ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. 'ಮೇಲಿನ ಅಂತಸ್ತಿನಲ್ಲಿ ನಡುವೆ ನಡೆಯಬೇಡಿ, ಗೋಡೆಯ ಅಂಚು ಹಿಡಿದು ನಡೆಯಿರಿ' ಎನ್ನುತ್ತಾರೆ. ಹಗುರವಾದ ಹಲಗೆ ನೆಲದ ಮನೆಗಳಲ್ಲಿ ಅದಕ್ಕೆ ಅರ್ಥವಿದೆ. ಹಲಗೆ ಬಾಗುವುದು ನಡುವೆ. ನಮ್ಮ ಜಂತಿ ಬಾಗಿ ಮುರಿಯುವುದಕ್ಕಿಂತ ತುದಿ ಕಳಚಿ ಇಡಿಯಾಗಿ ಬೀಳುವುದೇ ಹೆಚ್ಚು. ಆಗ ನೀವು ಅಂಚಿನಲ್ಲಿದ್ದರೂ ಒಂದೇ, ನಡುವಿನಲ್ಲಿದ್ದರೂ ಒಂದೇ. ನನ್ನ ಪದ್ಧತಿ ಸರಳ: ಕೆಳಗಿನಿಂದ ಪ್ರತಿಯೊಂದು ಜಂತಿಯ ಎರಡೂ ತುದಿ ನೋಡಲು ಆಗದಿದ್ದರೆ ಮೇಲೆ ಹತ್ತುವುದಿಲ್ಲ. ಅಂಥ ಚಾವಣಿಯ ಕೆಳಗೆ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ಕಾಂಕ್ರೀಟ್ ಕಟ್ಟಡ ಹೊಸದು, ಗಟ್ಟಿ ಎಂಬ ನಂಬಿಕೆಯೂ ಅಪಾಯಕಾರಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಸರಳು ತನ್ನ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಚಾವಣಿಯ ಅಡಿಯಲ್ಲಿ ಸರಳು ಹೊರಗೆ ಕಾಣುತ್ತಿದ್ದರೆ ನಿಮಗೆ ಎಚ್ಚರಿಕೆಯಾದರೂ ಸಿಗುತ್ತದೆ. ಸಜ್ಜಾ ಮತ್ತು ಬಾಲ್ಕನಿಗಳು ಅಷ್ಟು ಉಪಕಾರವನ್ನೂ ಮಾಡುವುದಿಲ್ಲ. ಗೋಡೆಯಿಂದ ಹೊರಚಾಚಿದ ಈ ಭಾಗಗಳಲ್ಲಿ ಭಾರ ಹೊರುವ ಸರಳು ಇರುವುದು ಮೇಲ್ಭಾಗದಲ್ಲಿ, ಅಂದರೆ ನೀರು ನಿಲ್ಲುವ ಕಡೆಯೇ. ಕೆಳಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿರುತ್ತದೆ. ಫೋಟೊಗೆಂದು ನಾಲ್ಕು ಜನ ಬಾಲ್ಕನಿಗೆ ಒರಗಿದಾಗಲೇ ಅದು ಕಳಚುವುದು. ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಗಂಡಾಂತರವಿದೆ: ಲಿಫ್ಟಿಗೆಂದು ಬಿಟ್ಟ ಗುಂಡಿ, ಪೈಪಿಗೆಂದು ಬಿಟ್ಟ ಕಂಡಿ. ಅವುಗಳ ಮೇಲೆ ಯಾರೋ ಒಂದು ಪ್ಲೈವುಡ್ ಮುಚ್ಚಿ ಹೋಗಿರುತ್ತಾರೆ, ಪ್ಲೈವುಡ್ ಮೇಲೆ ಧೂಳು ಕೂತು ನೆಲದ ಬಣ್ಣವೇ ಬಂದಿರುತ್ತದೆ.

ಮಲೆನಾಡಿನ ಮಣ್ಣು ಗೋಡೆಯ ಮನೆಗಳ ಕತೆ ಇನ್ನೂ ಬೇಗ ಮುಗಿಯುತ್ತದೆ. ಮಾಡಿನ ನಾಲ್ಕು ಹಂಚು ಜಾರಿದರೆ ಸಾಕು, ಮುಂದಿನ ಮಳೆಗಾಲದಲ್ಲಿ ಹಂಚು ಹೊರುವ ರೀಪು, ಅದರ ಮುಂದಿನದರಲ್ಲಿ ರೀಪು ಹೊರುವ ಪಕಾಸು, ಆಮೇಲೆ ಗೋಡೆಯ ನೆತ್ತಿ. ನೆನಪಿಡಿ, ಮಣ್ಣಿನ ಗೋಡೆ ಮಳೆ ಸುರಿಯುವಾಗ ಮಾತ್ರ ಬೀಳುವುದಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೂ ಬೀಳುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಈ ಹವ್ಯಾಸಕ್ಕೆ ರಜೆ ಕೊಡಿ ಎನ್ನುವುದು ಅದಕ್ಕೇ. ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಸರಿ ಚರ್ಚ್‌ಗೆ ಹೋಗದ ಕ್ಯಾಮೆರಾ ನಮ್ಮಲ್ಲಿ ಕಡಿಮೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು; ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಊರೇ ಎದ್ದು ಹೋಯಿತು. ಅಂದಿನಿಂದ ಜಲಾಶಯ ತುಂಬಿದಾಗ ಮುಳುಗುವುದು, ಇಳಿದಾಗ ಒಣಗುವುದು, ಇದೇ ಅದರ ವರ್ಷಚಕ್ರ. ಬೆಲ್ಲ, ಮೊಟ್ಟೆ ಹಾಕಿದ ಗಾರೆ, ಆದ್ದರಿಂದ ಏನೂ ಆಗುವುದಿಲ್ಲ ಎಂದು ಅಲ್ಲಿಗೆ ಹೋದವರೆಲ್ಲ ಕೇಳಿ ಬರುತ್ತಾರೆ. ಬೆಲ್ಲ ಹಾಕಿದ್ದರೂ ಸುಣ್ಣ ಸುಣ್ಣವೇ. ನೀರು ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಒಯ್ಯುತ್ತದೆ, ಇಟ್ಟಿಗೆಗಳು ಒಂದರ ಮೇಲೊಂದು ಭಾರಕ್ಕೆ ಕೂತಿರುತ್ತವೆಯೇ ಹೊರತು ಅಂಟಿಕೊಂಡಿರುವುದಿಲ್ಲ. ಕಮಾನಂತೂ ಎರಡೂ ಬದಿಯ ಗೋಡೆಗಳು ಒತ್ತಿ ಹಿಡಿದಿರುವುದರಿಂದಲೇ ನಿಂತಿರುತ್ತದೆ. ಒಂದು ಬದಿ ಹೋದರೆ ಇನ್ನೊಂದಕ್ಕೆ ಉಳಿಗಾಲವಿಲ್ಲ. ಇಷ್ಟಾದರೂ ಆ ಕಮಾನುಗಳ ಮೇಲೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಶೆಟ್ಟಿಹಳ್ಳಿಯನ್ನು ದಂಡೆಯಿಂದ, ದೂರದಿಂದ ನೋಡಿದರೇ ಚೆಂದ. ಇಡೀ ಕಟ್ಟಡ ಕಣ್ಣಿಗೆ ಸಿಗುವುದೂ ಅಲ್ಲಿಂದಲೇ.

ಗೋಡೆ, ಚಾವಣಿಗಳಾದರೂ ಕಣ್ಣಿಗೆ ಕಾಣುತ್ತವೆ. ಗಾಳಿ ಕಾಣುವುದಿಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಮೇಲಿನ ಬಂಗಲೆಗಳು, ಕ್ಲಬ್ಬು, ಗಣಿ ಗೋಪುರಗಳನ್ನು ರಸ್ತೆಯಿಂದ ನೋಡುತ್ತ ಒಂದು ದಿನ ಕಳೆಯಬಹುದು, ನೋಡಲೇಬೇಕಾದ ಊರು ಅದು. ಆದರೆ ಬಾವಿಯಂಥ ಆ ಗಣಿ ಬಾಯಿಗಳ ಹತ್ತಿರ ಸುಳಿಯಬೇಡಿ. 2020ರ ಮೇ ತಿಂಗಳಲ್ಲಿ ಕಳ್ಳತನಕ್ಕೆಂದು ಅಂಥದೊಂದರೊಳಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಗಾಳಿಯಾಡದ ಕಡೆ ಆಮ್ಲಜನಕ ಕಡಿಮೆಯಾಗಿರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೇಣದ ಬತ್ತಿ ಹಚ್ಚಿ ಪರೀಕ್ಷಿಸುವ ಹಳೆಯ ಉಪಾಯವನ್ನು ನಂಬಬೇಡಿ, ದೀಪ ಉರಿಯುತ್ತಿರುವಾಗಲೂ ವಿಷಾನಿಲ ಇರಬಹುದು. ಹಳೆಯ ಬಾವಿ, ನೆಲಮಾಳಿಗೆ, ಮುಚ್ಚಿದ ಟ್ಯಾಂಕುಗಳಿಗೂ ಇದೇ ಮಾತು. ಗಣಿಯ ಊರಿನಲ್ಲಿ ಇನ್ನೊಂದು ವಿಷಯ: ಸಿನಿಮಾ ಚಿತ್ರೀಕರಣದಿಂದ ಹೆಸರಾದ ಆ ಬೂದು ದಿಬ್ಬಗಳು ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಗಾಳಿ ಬೀಸುವ ದಿನ ಅಲ್ಲಿ ಓಡಾಡಬೇಡಿ.

ಪ್ರಾಣಿಗಳ ವಿಚಾರಕ್ಕೆ ಬಂದರೆ ಎಲ್ಲರೂ ಹಾವನ್ನು ನೆನೆಯುತ್ತಾರೆ. ದಪ್ಪ ಬೂಟು, ಮುಂದೆ ಬೆಳಕು, ಕೈಯಲ್ಲೊಂದು ಕೋಲು ಇದ್ದರೆ ಹಾವು ಸಾಮಾನ್ಯವಾಗಿ ತಾನೇ ಸರಿಯುತ್ತದೆ. ಕಾಣದ ಬಿಲಕ್ಕೆ, ಗೂಡಿಗೆ ಕೈ ಹಾಕದಿದ್ದರೆ ಸಾಕು. ನನಗೆ ಹೆಚ್ಚು ಭಯ ಹೆಜ್ಜೇನಿನದು. ಎತ್ತರದ ಕಮಾನಿನಡಿ, ನೀರಿನ ಟ್ಯಾಂಕಿನಡಿ ಜೇನುಗೂಡು ಜೋತುಬಿದ್ದಿದೆಯೇ ಎಂದು ಮೊದಲು ತಲೆಯೆತ್ತಿ ನೋಡಿ. ಅಲ್ಲಿ ಡ್ರೋನ್ ಹಾರಿಸಬೇಡಿ, ಹೊಗೆ ಬೇಡ, ಅತ್ತರು ಬೇಡ. ಬಾವಲಿಗಳಿರುವ ಕೋಣೆಯಲ್ಲಿ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಅಲ್ಲಿ ಎನ್95 ಮಾಸ್ಕ್ ಕಡ್ಡಾಯ, ಬಟ್ಟೆ ಕಟ್ಟಿಕೊಂಡರೆ ಸಾಲದು. ಹಳೆಯ ಗಿರಣಿ, ಗೋದಾಮುಗಳ ಬೂದು ಸಿಮೆಂಟ್ ಶೀಟುಗಳು ಬಹುತೇಕ ಆಸ್ಬೆಸ್ಟಾಸ್. ಮುರಿದು ಬಿದ್ದಿದ್ದರೆ ತುಳಿಯಬೇಡಿ, ಮತ್ತು ಯಾವ ಕಾರಣಕ್ಕೂ ಅವುಗಳ ಮೇಲೆ ಹತ್ತಬೇಡಿ. ಮನುಷ್ಯನ ಭಾರಕ್ಕೆ ಅವು ಬಿಸ್ಕತ್ತಿನಂತೆ ಮುರಿಯುತ್ತವೆ.

ಹೆಲ್ಮೆಟ್, ಎರಡು ಟಾರ್ಚ್, ಚರ್ಮದ ಕೈಗವಸು, ಧನುರ್ವಾಯು ಚುಚ್ಚುಮದ್ದು. ಇಷ್ಟನ್ನು ಹೇಳುವ ಅಗತ್ಯವಿರಬಾರದು.

ಅನುಮತಿಯ ಮಾತು ಬಂದಾಗ ಹಲವರು ಮುಖ ಸಿಂಡರಿಸುತ್ತಾರೆ. ಆದರೆ ವಾರಸುದಾರರಿಲ್ಲದ ಕಟ್ಟಡ ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಖಾಸಗಿಯವರದಲ್ಲದಿದ್ದರೆ ಪಂಚಾಯಿತಿಯದು, ಲೋಕೋಪಯೋಗಿ ಇಲಾಖೆಯದು, ಮಠದ್ದು, ಚರ್ಚಿನದು. ಅತಿಕ್ರಮ ಪ್ರವೇಶ ಈಗ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಡಿ ಬರುತ್ತದೆ. ಅಪರಾಧದ ಉದ್ದೇಶವಿತ್ತೇ ಇಲ್ಲವೇ ಎಂಬುದು ಅಲ್ಲಿ ಮುಖ್ಯ, ನಿಜ. ಆದರೆ ನಿಮ್ಮದು ಬರೀ ಕುತೂಹಲ ಎಂದು ಠಾಣೆಯಲ್ಲಿ ಕೂತು ವಿವರಿಸುವ ಪಾಡು ಏಕೆ? ಕೇಳಿದರೆ ಇನ್ನೊಂದು ಲಾಭವಿದೆ. ಪಕ್ಕದ ಮನೆಯ ಅಜ್ಜಿಗೆ, ಕಾವಲಿನವನಿಗೆ, ದನ ಕಾಯುವವರಿಗೆ ಹಿಂದಿನ ಮಳೆಗಾಲದಲ್ಲಿ ಯಾವ ಕೋಣೆ ಕುಸಿಯಿತು, ಹಾಳು ಬಾವಿ ಎಲ್ಲಿದೆ, ಮೆಟ್ಟಿಲು ಎಲ್ಲಿ ಅಲ್ಲಾಡುತ್ತದೆ ಎಂಬುದೆಲ್ಲ ಗೊತ್ತಿರುತ್ತದೆ. ಎಷ್ಟೋ ಸಲ ನನ್ನ ವರದಿಯ ಮೊದಲ ಪುಟಕ್ಕೆ ಬೇಕಾದದ್ದು ಸಿಕ್ಕಿರುವುದು ಅವರ ಬಾಯಿಂದಲೇ.

ಒಬ್ಬರೇ ಹೋಗಬೇಡಿ, ದಂಡು ಕಟ್ಟಿಕೊಂಡೂ ಹೋಗಬೇಡಿ. ಮೂವರು ಸರಿಯಾದ ಸಂಖ್ಯೆ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದು ಮನೆಯಲ್ಲಿ ತಿಳಿಸಿ, ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆ ಎಂದು ಬಾಗಿಲ ಬಳಿಯೇ ನೋಡಿಕೊಳ್ಳಿ. ಯಾರಾದರೂ ನೆಲ ಕುಸಿದು ಕೆಳಗೆ ಬಿದ್ದರೆ ಅವರು ನಿಂತಿದ್ದ ಜಾಗಕ್ಕೆ ಓಡಬೇಡಿ, ಅಲ್ಲಿನ ನೆಲ ನಿಮ್ಮನ್ನೂ ಹೊರುವುದಿಲ್ಲ. ಬಂದ ದಾರಿಯಲ್ಲೇ ಹಿಂದೆ ಸರಿದು, ಹೊರಗೆ ಬಂದು 112ಕ್ಕೆ ಕರೆ ಮಾಡಿ. ಮಾತು ಕೇಳಿಸುವ ಅಂತರದಲ್ಲಿ ನಿಂತು ಬಿದ್ದವರೊಡನೆ ಮಾತಾಡುತ್ತಿರಿ. ಬೆನ್ನಿಗೆ, ಕತ್ತಿಗೆ ಪೆಟ್ಟಾಗಿರಬಹುದಾದ್ದರಿಂದ ಎಬ್ಬಿಸಿ ಕೂರಿಸಬೇಡಿ. ಬಾವಿ ಅಥವಾ ಗುಂಡಿಯಾಗಿದ್ದರೆ ಅಗ್ನಿಶಾಮಕ ದಳದವರು ಉಸಿರಾಟದ ಸಲಕರಣೆಯೊಂದಿಗೆ ಬರುವವರೆಗೆ ಯಾರೂ ಒಳಗೆ ಇಳಿಯಬೇಡಿ.